ಸ್ಕೀಯಿಂಗ್‌ಗೆ ಎಲ್ಲಿಗೆ ಹೋಗೋದು? ಮೊದಲು ಮಂಡಿ ತೋರಿಸಿ

ನಾನು ಫಿಸಿಯೋಥೆರಪಿಸ್ಟ್. ಬನಶಂಕರಿ ಎರಡನೇ ಹಂತದಲ್ಲಿ ಪುಟ್ಟ ಕ್ಲಿನಿಕ್. ವರ್ಷಪೂರ್ತಿ ಬರುವವರು ಬೆನ್ನುನೋವಿನವರು, ಕುತ್ತಿಗೆ ಹಿಡಿದುಕೊಂಡವರು, ಸ್ಕೂಟರ್‌ನಿಂದ ಬಿದ್ದವರು. ಈಚೆಗೆ ಜನವರಿಯಿಂದ ಮಾರ್ಚ್ ತನಕ ಇನ್ನೊಂದು ಬಗೆಯವರು ಸೇರಿಕೊಂಡಿದ್ದಾರೆ. ಹಿಮದ ಮೇಲೆ ಜಾರಲು ಹೋಗಿ ಮಂಡಿ ತಿರುಚಿಕೊಂಡವರು. ಬೆಳ್ಳಂದೂರು, ಮಾರತ್ತಹಳ್ಳಿ ಕಡೆಯಿಂದ ಅಷ್ಟು ದೂರ ಕುಂಟಿಕೊಂಡು ಬರುತ್ತಾರೆ, ಪಾಪ.

ಹೋಗುವ ಮೊದಲೇ ಬರುವವರೂ ಇದ್ದಾರೆ, ನಾನೂ ಸ್ಕೀ ಮಾಡುತ್ತೇನೆ ಅಂತ ಗೊತ್ತಿರುವುದರಿಂದ. ತಮ್ಮ ಜ್ಯೂರಿಕ್‌ನಲ್ಲಿದ್ದಾನೆ, ಈ ಹುಚ್ಚು ಹಿಡಿಸಿದ್ದು ಅವನೇ. ಮಹಾ ಪಂಟಳೇನಲ್ಲ. ನೀಲಿ ಗುರುತಿನ ಇಳಿಜಾರು ಆರಾಮ, ಕೆಂಪು ಬಂದರೆ ಎದೆ ಡವಡವ, ಕಪ್ಪಿನ ಹತ್ತಿರ ಸುಳಿಯುವುದಿಲ್ಲ. ಹೋಗುವ ಮೊದಲು ಬರುವವರೆಲ್ಲ ಫೋನ್ ತೆಗೆದು ‘ಜಗತ್ತಿನ ಟಾಪ್ ಟೆನ್’ ಪಟ್ಟಿ ತೋರಿಸುತ್ತಾರೆ. ಯಾವುದು ಚೆನ್ನಾಗಿದೆ ಮೇಡಂ? ನಾನು ಹೇಳುವುದು ಒಂದೇ: ಫೋನ್ ಇಡಿ, ಪ್ಯಾಂಟ್ ಮಡಚಿ, ಮಂಡಿ ತೋರಿಸಿ.

ತಮಾಷೆಗೆ ಹೇಳುತ್ತಿಲ್ಲ. ಆ ಪಟ್ಟಿ ಬರೆಯುವವರು ಮೂರನೇ ವಯಸ್ಸಿನಿಂದ ಹಿಮದ ಮೇಲೆ ಬೆಳೆದವರು. ಅವರ ಪಟ್ಟಿಯಲ್ಲಿ ಆಸ್ಟ್ರಿಯಾದ ಸೇಂಟ್ ಆಂಟನ್ ಇದ್ದೇ ಇರುತ್ತದೆ. ಆರ್ಲ್‌ಬರ್ಗ್ ಸೀಮೆ ಅದು. ಹಾನೆಸ್ ಶ್ನೈಡರ್ ಅನ್ನುವವರು ಕಳೆದ ಶತಮಾನದ ಶುರುವಿನಲ್ಲಿ ಸ್ಕೀ ಕಲಿಸುವುದಕ್ಕೆ ಒಂದು ಕ್ರಮ ಹಾಕಿಕೊಟ್ಟದ್ದು ಅಲ್ಲೇ. ಹಾಗಂತ ಕಲಿಯುವುದಕ್ಕೆ ಅಲ್ಲಿಗೇ ಹೋಗಬೇಕು ಅಂದುಕೊಂಡರೆ ಕಷ್ಟ. ಇಳಿಜಾರು ಕಡಿದು, ಜನ ಜಾಸ್ತಿ, ವೇಗವೂ ಜಾಸ್ತಿ. ಕಂಪ್ಯೂಟರ್ ಮುಂದೆ ದಿನವಿಡೀ ಕೂತ ತೊಡೆಗಳಿಗೆ ಅದು ಆಗಿಬರುವ ಜಾಗವಲ್ಲ.

ಮಂಡಿ ಹೇಗೆ ಹೋಗುತ್ತದೆ ಅಂತ ಗೊತ್ತಾದರೆ ಜಾಗ ಆರಿಸುವುದು ಅರ್ಧ ಮುಗಿದ ಹಾಗೆ. ಹಿಂದೆ ಸ್ಕೀ ಬೂಟುಗಳು ಗಿಡ್ಡ ಇದ್ದವು, ಮೆತ್ತಗಿದ್ದವು. ಆಗ ಮುರಿಯುತ್ತಿದ್ದದ್ದು ಪಾದದ ಗಂಟು, ಕಣಕಾಲಿನ ಮೂಳೆ. ಈಗಿನ ಬೂಟು ಗಟ್ಟಿ ಪ್ಲಾಸ್ಟಿಕ್, ಮೀನಖಂಡದ ಅರ್ಧದ ತನಕ ಬರುತ್ತದೆ. ಗಂಟು ಭದ್ರ. ಆದರೆ ತಿರುಚುವ ಬಲ ಎಲ್ಲಿಗಾದರೂ ಹೋಗಲೇಬೇಕಲ್ಲ, ಮೇಲೆ ಮಂಡಿಗೆ ಹೋಗುತ್ತದೆ. ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್ ಬಿದ್ದಾಗ ಬಿಚ್ಚಿಕೊಳ್ಳುತ್ತದೆ, ನಿಜ. ಅದನ್ನು ಮಾಡಿರುವುದು ಕಾಲಿನ ಮೂಳೆ ಉಳಿಸಲು. ಮಂಡಿಯ ಒಳಗೆ ಮೂಳೆಗಳನ್ನು ಹಿಡಿದಿಡುವ ಎಸಿಎಲ್ ಅನ್ನುವ ಲಿಗಮೆಂಟ್‌ನ ಗೋಳು ಅದಕ್ಕೆ ಗೊತ್ತಾಗುವುದಿಲ್ಲ.

ಹೆದರಿದವರು ಮಾಡುವುದೇನು? ಹಿಂದಕ್ಕೆ ವಾಲಿ ಕುಕ್ಕರಿಸುತ್ತಾರೆ. ಸೊಂಟ ಮಂಡಿಗಿಂತ ಕೆಳಗೆ ಹೋಗುತ್ತದೆ, ಭಾರವೆಲ್ಲ ಒಂದು ಸ್ಕೀಯ ಬಾಲದ ಮೇಲೆ ಬೀಳುತ್ತದೆ. ಆ ಬಾಲ ಹಿಮದಲ್ಲಿ ಕಚ್ಚಿಕೊಂಡು ಒಳಕ್ಕೆ ತಿರುಗಿತೋ, ಮಂಡಿಯಲ್ಲಿ ‘ಟಪ್’ ಅಂತ ಕೇಳಿಸುತ್ತದೆ. ‘ಸದ್ದು ಕೇಳಿಸಿತು ಮೇಡಂ’ ಅಂತ ಬಂದವರೆಲ್ಲ ಹೇಳುತ್ತಾರೆ. ಹೆಚ್ಚಿನವರ ಕಥೆ ಸಂಜೆಯದು. ‘ಇದೊಂದು ರೌಂಡ್ ಮುಗಿಸಿ ಹೋಗೋಣ’ ಅಂದ ರೌಂಡಿನದು. ತೊಡೆ ದಣಿದಿರುತ್ತದೆ, ಬಿಸಿಲಿಗೆ ಹಿಮ ಕರಗಿ ಭಾರವಾಗಿರುತ್ತದೆ.

ಹಾಗಾಗಿ ನನ್ನ ಲೆಕ್ಕದಲ್ಲಿ ಒಳ್ಳೆಯ ಜಾಗ ಅಂದರೆ ಅಗಲವಾದ, ಸಪಾಟು ಮಾಡಿದ ಮೆತ್ತನೆ ಇಳಿಜಾರು ಜಾಸ್ತಿ ಇರಬೇಕು. ಸುಸ್ತಾದರೆ ಬೆಟ್ಟದ ಮೇಲಕ್ಕೆ ಒಯ್ದ ಲಿಫ್ಟಲ್ಲೇ ಕೂತು ಕೆಳಗೆ ಬರುವ ಹಾಗಿರಬೇಕು. ಹಿಮ ಒಣಗಿದ್ದಿರಬೇಕು. ಆಮೇಲೆ ಎತ್ತರ, ಅದು ತೀರಾ ಜಾಸ್ತಿ ಇರಬಾರದು.

ಎತ್ತರದ ವಿಷಯದಲ್ಲಿ ಜಪಾನ್‌ನ ನಿಸೆಕೊಗೆ ನನ್ನ ಮೊದಲ ಓಟು. ಹೊಕ್ಕೈಡೊ ದ್ವೀಪದಲ್ಲಿದೆ. ಅಲ್ಲಿನ ಅನ್ನುಪುರಿ ಶಿಖರ 1,308 ಮೀಟರ್. ನಮ್ಮ ನಂದಿಬೆಟ್ಟ 1,478! ನಂದಿಬೆಟ್ಟಕ್ಕಿಂತ ಗಿಡ್ಡ ಬೆಟ್ಟದಲ್ಲಿ ಆಳೆತ್ತರ ಹಿಮ ಬೀಳುವುದು ಹೇಗೆ? ಸೈಬೀರಿಯಾದಿಂದ ಕೊರೆಯುವ ಒಣಗಾಳಿ ಬರುತ್ತದೆ. ನಡುವೆ ಜಪಾನ್ ಸಮುದ್ರ ದಾಟುವಾಗ ತೇವ ಹೀರಿಕೊಳ್ಳುತ್ತದೆ. ಬೆಟ್ಟ ಅಡ್ಡ ಸಿಕ್ಕಾಗ ಹೊತ್ತು ತಂದದ್ದೆಲ್ಲ ಅಲ್ಲೇ ಸುರಿದುಬಿಡುತ್ತದೆ. ಅರಬ್ಬೀ ಸಮುದ್ರದ ಮೋಡ ಆಗುಂಬೆಯಲ್ಲಿ ಮಾಡುವುದೂ ಇದನ್ನೇ ಅಲ್ವಾ? ಜನವರಿಯಲ್ಲಿ ಅಲ್ಲಿ ಬಿಸಿಲು ಕಾಣುವುದೇ ಅಪರೂಪ. ಫೋಟೋ ಚೆನ್ನಾಗಿ ಬರುವುದಿಲ್ಲ. ಆದರೆ ಹಿಮ ಒಣಗಿದ ಪುಡಿ, ಬಿದ್ದರೆ ನೋವಾಗುವುದಿಲ್ಲ. ತಲೆಸುತ್ತು, ಉಬ್ಬಸ ಯಾವುದೂ ಇಲ್ಲ. ಸಂಜೆ ಬಿಸಿನೀರಿನ ಒನ್ಸೆನ್‌ನಲ್ಲಿ ಕುತ್ತಿಗೆ ತನಕ ಮುಳುಗಿ ಕೂತರೆ ನನ್ನ ಕಸುಬಿನ ಅರ್ಧ ಕೆಲಸ ಅದೇ ಮಾಡಿಬಿಡುತ್ತದೆ. ಸಸ್ಯಾಹಾರಿಗಳಿಗೆ ಒಂದು ಮಾತು: ಅಲ್ಲಿನ ಸೂಪಿನ ಬುಡದಲ್ಲೇ ಸಾಮಾನ್ಯವಾಗಿ ಮೀನಿರುತ್ತದೆ. ಕೇಳಿ ತಿನ್ನಿ.

ಗುಲ್ಮಾರ್ಗ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ನಮ್ಮಲ್ಲಿ ಹೆಚ್ಚಿನವರ ಮೊದಲ ಹಿಮ ಅದೇ. ಪಾಸ್‌ಪೋರ್ಟ್ ಬೇಡ, ವೀಸಾ ಬೇಡ. ಜಗತ್ತಿನ ದೊಡ್ಡ ದೊಡ್ಡ ಸ್ಕೀಯರ್‌ಗಳೂ ಅಲ್ಲಿಗೆ ಬರುತ್ತಾರೆ. ಆದರೆ ಅವರು ಬರುವ ಗುಲ್ಮಾರ್ಗ್ ಬೇರೆ, ನೀವು ಹೋಗಬೇಕಾದ ಗುಲ್ಮಾರ್ಗ್ ಬೇರೆ. ಅವರು ಬರುವುದು ಗೊಂಡೊಲಾ ಅನ್ನುವ ಕೇಬಲ್ ಕಾರಿನ ಎರಡನೇ ಹಂತಕ್ಕೆ. ಅಫರ್ವತ್ ಬೆಟ್ಟದ ಮೇಲೆ, ಹತ್ತಿರಹತ್ತಿರ 4,000 ಮೀಟರ್‌ಗೆ ಒಯ್ದು ಬಿಡುತ್ತದೆ ಅದು. ಅಲ್ಲಿ ಸಪಾಟು ಮಾಡಿದ ದಾರಿ ಅಂತೇನಿಲ್ಲ, ಹಿಮಕುಸಿತದ ಭಯ ಬೇರೆ. ನಮ್ಮಂಥವರಿಗೆ ಇರುವುದು ಕೆಳಗಿನ ಬಟ್ಟಲಿನಂಥ ಬಯಲು, ಗಾಲ್ಫ್ ಮೈದಾನದ ಸುತ್ತಿನ ಮೆತ್ತನೆ ಇಳಿಜಾರು. ಅಲ್ಲಿ ಫೆರನ್ ತೊಟ್ಟ ಹುಡುಗರು ಕಲಿಸುತ್ತಾರೆ, ಒಳ್ಳೆ ತಾಳ್ಮೆ.

ಎತ್ತರವನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಬೆಂಗಳೂರು 900 ಮೀಟರ್ ಚಿಲ್ಲರೆ. ಬೆಳಿಗ್ಗೆ ಇಲ್ಲಿ ವಿಮಾನ ಹತ್ತಿ ಸಂಜೆಗೆ ಗುಲ್ಮಾರ್ಗ್‌ನ 2,600ರಲ್ಲಿ ಮಲಗಿ, ಮರುದಿನವೇ ಮೇಲಕ್ಕೆ ಹೋಗುತ್ತೇನೆ ಅಂದರೆ ತಲೆ ಒಡೆಯುವ ಹಾಗೆ ನೋಯುತ್ತದೆ. ಮೊದಲ ದಿನ ಸುಮ್ನೆ ಓಡಾಡಿ, ನೀರು ಕುಡಿಯಿರಿ, ನಿದ್ದೆ ಮಾಡಿ.

ಹಿಮವನ್ನೂ ಈಗ ನಂಬುವ ಹಾಗಿಲ್ಲ. 2024ರ ಜನವರಿಯಲ್ಲಿ ಅಲ್ಲಿ ಬರೀ ಒಣಹುಲ್ಲು ಕಾಣುತ್ತಿತ್ತು. ಚಿಲ್ಲೈ ಕಲಾನ್ ಅನ್ನುವ ನಲವತ್ತು ದಿನದ ಕಡುಚಳಿಯ ಕಾಲ ಅದು, ಆದರೂ ಹಿಮವಿಲ್ಲ. 2025ರಲ್ಲಿ ಫೆಬ್ರವರಿಗೆ ಇಟ್ಟಿದ್ದ ಖೇಲೋ ಇಂಡಿಯಾ ಚಳಿಗಾಲದ ಕೂಟವನ್ನೂ ಹಿಮ ಸಾಲದೆ ಮಾರ್ಚ್‌ಗೆ ಹಾಕಿದರು. ಹಾಗಾಗಿ ಫೆಬ್ರವರಿ ನಡುವಿಗೆ ಇಟ್ಟುಕೊಳ್ಳಿ, ರದ್ದು ಮಾಡಬಹುದಾದ ರೂಮು ಹಿಡಿಯಿರಿ. ಉತ್ತರಾಖಂಡದ ಔಲಿಗೆ ಹೋಗಬೇಕೆನ್ನುವವರು ದಾರಿ ವಿಚಾರಿಸಿಕೊಳ್ಳಿ. 2023ರಲ್ಲಿ ಜೋಶಿಮಠದಲ್ಲಿ ನೆಲ ಕುಸಿದು ಮನೆಗಳೆಲ್ಲ ಬಿರುಕು ಬಿಟ್ಟಾಗ ಅಲ್ಲಿಂದ ಮೇಲೆ ಹೋಗುವ ರೋಪ್‌ವೇ ನಿಂತುಹೋಯಿತು.

ಇನ್ನು ಬೂಟು. ಎಲ್ಲಿಗೇ ಹೋಗಿ, ಬಾಡಿಗೆ ಅಂಗಡಿಯಲ್ಲಿ ಅರ್ಧ ಗಂಟೆ ಕೂರಿ. ನಮ್ಮವರು ಚಳಿ ಅಂತ ಎರಡು ಜೊತೆ ಉಣ್ಣೆ ಕಾಲುಚೀಲ ಹಾಕುತ್ತಾರೆ. ಬೇಡ. ಒಂದೇ ಜೊತೆ, ತೆಳ್ಳಗಿನದು, ಮಂಡಿ ತನಕ ಬರುವಂಥದ್ದು. ಒಂದು ಸುಕ್ಕೂ ಇರಬಾರದು. ಥರ್ಮಲ್ ಪ್ಯಾಂಟ್ ಬೂಟಿನೊಳಗೆ ಹೋಗಬಾರದು. ಕಾಲು ತೂರಿಸಿದ ಮೇಲೆ ಹಿಮ್ಮಡಿಯನ್ನು ನೆಲಕ್ಕೆ ಎರಡು ಸಲ ಕುಟ್ಟಿ, ಆಮೇಲೆ ಬಕಲ್ ಹಾಕಿ. ನೆಟ್ಟಗೆ ನಿಂತಾಗ ಬೆರಳ ತುದಿ ಮುಂದೆ ಸ್ವಲ್ಪ ತಾಗಬೇಕು, ಮಂಡಿ ಬಗ್ಗಿಸಿದ ಕೂಡಲೇ ಹಿಂದೆ ಸರಿಯಬೇಕು. ಮುಂದಕ್ಕೆ ವಾಲಿದಾಗ ಹಿಮ್ಮಡಿ ಮೇಲೆದ್ದರೆ ಆ ಬೂಟು ದೊಡ್ಡದು, ವಾಪಸ್ ಕೊಡಿ. ಸಡಿಲ ಬೂಟೇ ಆರಾಮ ಅನ್ನಿಸುತ್ತದೆ, ಆದರೆ ಅದರಲ್ಲಿ ಸ್ಕೀ ನಿಮ್ಮ ಮಾತು ಕೇಳುವುದಿಲ್ಲ. ಅಂಗಡಿಯವರು ತೂಕ ಕೇಳಿದಾಗ ನಾಚಿಕೆಪಡದೆ ನಿಜ ಹೇಳಿ. ಬೈಂಡಿಂಗ್ ಎಷ್ಟು ಬಲಕ್ಕೆ ಬಿಚ್ಚಿಕೊಳ್ಳಬೇಕು ಅಂತ ತೂಕವನ್ನೂ ನೋಡಿ ತಿರುಗಿಸಿಡುತ್ತಾರೆ.

ಮಕ್ಕಳಿರುವ ಮನೆಯವರಿಗೆ ತಲೆನೋವು ಬೇರೆ. ನಮ್ಮ ಶಾಲೆಗಳ ದೊಡ್ಡ ರಜೆ ಏಪ್ರಿಲ್, ಮೇ. ಆಗ ಎಲ್ಲೆಡೆ ಹಿಮ ಕರಗುತ್ತಿರುತ್ತದೆ. ಏಪ್ರಿಲ್‌ನಲ್ಲೂ ಭರವಸೆ ಇರುವುದು ಎತ್ತರದ ಊರುಗಳಲ್ಲಿ. ಫ್ರಾನ್ಸ್‌ನ ವಾಲ್ ತೊರಾನ್ಸ್ 2,300 ಮೀಟರ್‌ನಲ್ಲಿದೆ, ಮೇ ಶುರುವಿನ ತನಕ ನಡೆಯುತ್ತದೆ. ಪಕ್ಕದ ಕಣಿವೆಗಳೂ ಸೇರಿದರೆ 600 ಕಿಲೋಮೀಟರ್ ಇಳಿಜಾರು, ಮುಗಿಯುವುದಿಲ್ಲ. ಸ್ವಿಟ್ಜರ್ಲೆಂಡಿನ ಝೆರ್ಮಾಟ್‌ನಲ್ಲಿ 3,883 ಮೀಟರ್ ಎತ್ತರದ ನೀರ್ಗಲ್ಲಿನ (ಗ್ಲೇಸಿಯರ್) ಮೇಲೆ ವರ್ಷಪೂರ್ತಿ ಸ್ಕೀ ಮಾಡಬಹುದು. ಊರೊಳಗೆ ಪೆಟ್ರೋಲ್ ಕಾರಿಲ್ಲ. ಮಕ್ಕಳಿಗೆ, ಹೊಸಬರಿಗೆ ಸುನೆಗ್ಗಾ ಅನ್ನುವ ಕಡೆ ಬೇರೆ ಜಾಗವಿದೆ. ಮ್ಯಾಟರ್‌ಹಾರ್ನ್ ಎದುರಿಗೇ ನಿಂತಿರುತ್ತದೆ. ದುಡ್ಡು ಮಾತ್ರ ನೀರಿನಂತೆ ಹರಿಯುತ್ತದೆ. ತಮ್ಮನ ಮನೆಯಿಂದ ಚಪಾತಿ ಕಟ್ಟಿಕೊಂಡು ಹೋಗುತ್ತೇನೆ ನಾನು.

ಝೆರ್ಮಾಟ್‌ನಂಥ ನೀರ್ಗಲ್ಲು ಬಿಟ್ಟರೆ ದಸರಾಕ್ಕೆ ಏನೂ ಹೊಂದುವುದಿಲ್ಲ. ಇತ್ತ ಯುರೋಪ್ ಶುರುವಾಗಿರುವುದಿಲ್ಲ, ಅತ್ತ ನ್ಯೂಜಿಲೆಂಡಿನ ಕ್ವೀನ್ಸ್‌ಟೌನ್ ಕಡೆ ಮುಗಿಯುತ್ತಾ ಬಂದಿರುತ್ತದೆ. ಅಲ್ಲಿಗೆ ಹೋಗುವುದಾದರೆ ಜುಲೈ, ಆಗಸ್ಟ್.

ಅಮೆರಿಕದ ಬಗ್ಗೆ ಕೇಳಿದರೆ, ಅಲ್ಲಿ ನೆಂಟರಿದ್ದರೆ ಹೋಗಿ ಅನ್ನುತ್ತೇನೆ. ಕೊಲೊರಾಡೊದ ವೇಲ್‌ನಲ್ಲಿ ಗಿರಾಕಿ ಹೆಚ್ಚಿರುವ ದಿನ ಕೌಂಟರಿನಲ್ಲಿ ಕೊಂಡರೆ ಒಂದು ದಿನದ ಲಿಫ್ಟ್ ಟಿಕೆಟ್ಟೇ 300 ಡಾಲರ್ ದಾಟುತ್ತದೆ. ಸೀಸನ್‌ಗೆ ಮೊದಲೇ ಪಾಸ್ ಮಾಡಿಸಿಕೊಂಡರೆ ಎಷ್ಟೋ ಕಡಿಮೆ.

ಕಡಿಮೆ ಖರ್ಚಿನಲ್ಲಿ ಈಗ ನಾನು ಹೆಚ್ಚು ಜನಕ್ಕೆ ಹೇಳುವುದು ಕಜಾಕಿಸ್ತಾನದ ಅಲ್ಮಾಟಿ. ನಮಗೆ 14 ದಿನಕ್ಕೆ ವೀಸಾ ಬೇಡ. ಊರಿಂದ ಬಸ್ಸಲ್ಲಿ ಮೆಡೆಯು ತನಕ, ಅಲ್ಲಿಂದ ಕೇಬಲ್ ಕಾರಿನಲ್ಲಿ ಶಿಂಬುಲಾಕ್ ಸ್ಕೀ ತಾಣ. ಸಂಜೆ ಮತ್ತೆ ಊರಿಗೆ ಬಂದು ಮಲಗಬಹುದು. ಬೆಟ್ಟದ ಮೇಲೆ ರೂಮಿಗೆ ದುಡ್ಡು ಸುರಿಯಬೇಕಿಲ್ಲ.

ಇಳಿಜಾರೆಂದರೇ ಕೈಕಾಲು ನಡುಗುವವರಿಗೆ ಇನ್ನೊಂದು ದಾರಿ ಇದೆ, ನಾರ್ಡಿಕ್ ಸ್ಕೀಯಿಂಗ್. ಹೆಚ್ಚಾಗಿ ಬಯಲಲ್ಲಿ, ಕೋಲು ಊರಿಕೊಂಡು ಹೋಗುವುದು. ಹಿಮ್ಮಡಿ ಸ್ಕೀಗೆ ಅಂಟಿಕೊಂಡಿರುವುದಿಲ್ಲ, ಬೂಟೂ ಹಗುರ, ಮಂಡಿ ತಿರುಚುವುದು ಕಡಿಮೆ. ಎದೆಗೆ, ತೊಡೆಗೆ ಒಳ್ಳೆಯ ವ್ಯಾಯಾಮ. ನಮ್ಮ ಕೊಡಗಿನ ತೆಕ್ಕಡ ಭವಾನಿ ಇದರಲ್ಲೇ ಹೆಸರು ಮಾಡಿದ್ದು. ಖೇಲೋ ಇಂಡಿಯಾದಲ್ಲಿ ಚಿನ್ನ ಗೆದ್ದಿದ್ದಾರೆ, ವಿಶ್ವ ಚಾಂಪಿಯನ್‌ಷಿಪ್‌ಗೂ ಹೋಗಿ ಬಂದಿದ್ದಾರೆ. ಹಿಮವೇ ಬೀಳದ ಕರ್ನಾಟಕದಿಂದ! ಇದಕ್ಕೆ ನಾರ್ವೆ. ಲಿಲ್ಲೆಹಾಮರ್ ಸುತ್ತಮುತ್ತ ಇಂಥ ದಾರಿಗಳು ಬೇಕಾದಷ್ಟಿವೆ.

ಇನ್ಶೂರೆನ್ಸ್ ಕಾಗದವನ್ನು ಹೊರಡುವ ಮೊದಲು ಪೂರ್ತಿ ಓದಿ. ಸಾಮಾನ್ಯ ಟ್ರಾವೆಲ್ ಪಾಲಿಸಿಯಲ್ಲಿ ಸ್ಕೀಯಿಂಗ್ ಸೇರಿದೆಯೋ ಇಲ್ಲವೋ ನೋಡಿ. ಸೇರಿದ್ದರೂ ಗುರುತು ಹಾಕಿದ ದಾರಿ ಬಿಟ್ಟು ಹೊರಗೆ ಹೋದರೆ ಹಲವು ಪಾಲಿಸಿಗಳು ಕೈಯೆತ್ತಿಬಿಡುತ್ತವೆ.

ಮೊನ್ನೆ ಒಬ್ಬ ಹುಡುಗ ಬಂದಿದ್ದ. ಮೂವತ್ತರ ಆಸುಪಾಸು, ಗೋಡೆಗೆ ಬೆನ್ನು ಕೊಟ್ಟು ಕುರ್ಚಿ ಕೂತ ಹಾಗೆ ಕೂರು ಅಂದರೆ ಇಪ್ಪತ್ತು ಎಣಿಸುವಷ್ಟರಲ್ಲಿ ತೊಡೆ ಗಡಗಡ. ಇಷ್ಟೆಲ್ಲ ಹೇಳಿ ಮುಗಿಸಿದ ಮೇಲೆ ತಲೆ ಕೆರೆದುಕೊಂಡ. ‘ಮೇಡಂ, ಶಮೊನಿಗೆ ಟಿಕೆಟ್ ಆಗಿಹೋಗಿದೆ. ಮೊದಲ ವಿಂಟರ್ ಒಲಿಂಪಿಕ್ಸ್ ಆದ ಊರಂತೆ, 1924ರಲ್ಲಿ.’ ಆಯ್ತಪ್ಪ, ಹೋಗು. ಲೆ ಟೂರ್ ಅಂತ ಕಣಿವೆಯ ಮೇಲ್ತುದಿಯಲ್ಲಿ ಮೆತ್ತನೆ ಜಾಗವಿದೆ, ಅಲ್ಲೇ ಇರು. ಎಗ್ವಿ ದು ಮಿದಿ ಶಿಖರಕ್ಕೆ ಕೇಬಲ್ ಕಾರಲ್ಲಿ ಹೋಗಿ ಮೊಂ ಬ್ಲಾಂ ಪರ್ವತ ನೋಡಿ, ಅದೇ ಕೇಬಲ್ ಕಾರಲ್ಲಿ ಇಳಿ. ಗೆಳೆಯರು ವ್ಯಾಲಿ ಬ್ಲಾಂಶ್ ಅಂತ ಕರೆದರೆ, 20 ಕಿಲೋಮೀಟರ್ ನೀರ್ಗಲ್ಲಿನ ಮೇಲೆ ಇಳಿಯುವುದದು, ಮಂಡಿ ಸರಿಯಿಲ್ಲ ಅನ್ನು. ಅಲ್ಲಿಯ ತನಕ ವಾರಕ್ಕೆ ಮೂರು ದಿನ ಇಲ್ಲಿಗೆ ಬಾ, ಬೆಳಿಗ್ಗೆ ಏಳಕ್ಕೆ. ಟ್ರಾಫಿಕ್ ಅಂತ ಹೇಳಬೇಡ.