ಘಾರಾಪುರಿಯ ಅಂಧಕ, ಡೊಂಬಿವಲಿಯ ಮಹಿಷಾಸುರ

"ಹೋದ ಕೂಡಲೇ ತ್ರಿಮೂರ್ತಿ ಹತ್ರ ಓಡ್ಬೇಡ ಮಾರಾಯ, ಮೊದ್ಲು ಬಲಗಡೆ ಹೋಗು, ಅಲ್ಲಿ ಅಂಧಕಾಸುರ ಇದ್ದಾನೆ" ಅಂದಿದ್ದರು ಚಿಕ್ಕಪ್ಪ. ಡೊಂಬಿವಲಿಯಲ್ಲಿ ಅವರ ಮನೆ. ಊರು ಬಿಟ್ಟು ಮುಂಬೈ ಸೇರಿ ದಶಕಗಳೇ ಆದರೂ ಯಕ್ಷಗಾನದ ಹುಚ್ಚು ಬಿಟ್ಟಿಲ್ಲ. ಅವರ ಮಾತು ಕೇಳಿದ್ದು ಒಳ್ಳೆಯದಾಯಿತು.

ಗೇಟ್‌ವೇ ಆಫ್ ಇಂಡಿಯಾದಿಂದ ಲಾಂಚ್ ಹತ್ತಿದರೆ ಹೆಚ್ಚುಕಡಿಮೆ ಒಂದು ಗಂಟೆಯಲ್ಲಿ ಘಾರಾಪುರಿ, ಅಂದರೆ ಎಲಿಫೆಂಟಾ ದ್ವೀಪ. ಇಳಿದ ಮೇಲೆ ಮೆಟ್ಟಿಲು, ಎರಡೂ ಕಡೆ ಅಂಗಡಿ, ಕೈಯಲ್ಲಿದ್ದದ್ದನ್ನು ಕಸಿಯುವ ಕೋತಿಗಳು. ಗುಹೆಯ ಒಳಗೆ ಕಾಲಿಟ್ಟಾಗ ಮೊದಲು ಬರೀ ಕತ್ತಲು. ಸ್ವಲ್ಪ ಹೊತ್ತು ಸುಮ್ನೆ ನಿಂತರೆ ಒಂದೊಂದೇ ಕಂಬ, ಒಂದೊಂದೇ ಮುಖ ಕಾಣಿಸಿಕೊಳ್ಳುತ್ತದೆ. ಆರನೆಯ ಶತಮಾನದ ಮಧ್ಯಭಾಗದ ಕೆಲಸ ಇದು. ಗುಡ್ಡವನ್ನೇ ಒಳಗಿನಿಂದ ಕೊರೆದು ಮಾಡಿದ್ದು.

ಅಂಧಕನ ಕಥೆ ನಿಮಗೂ ಗೊತ್ತಿರಬಹುದು. ಅವನ ರಕ್ತದ ಒಂದು ಹನಿ ನೆಲಕ್ಕೆ ಬಿದ್ದರೂ ಅಲ್ಲೊಬ್ಬ ಅಂಧಕ ಹುಟ್ಟುತ್ತಾನೆ. ಕೊಂದಷ್ಟೂ ಜಾಸ್ತಿ ಆಗುವ ರಾಕ್ಷಸ. ಇದನ್ನು ಅಲ್ಲಾಡದ ಕಲ್ಲಿನಲ್ಲಿ ಹೇಗೆ ತೋರಿಸುವುದು? ಆ ಶಿಲ್ಪಿ ರಾಕ್ಷಸರ ದಂಡನ್ನು ಕೆತ್ತುವ ಗೋಜಿಗೇ ಹೋಗಿಲ್ಲ. ಶಿವನ ಒಂದು ಕೈಗೆ ಬಟ್ಟಲು ಕೊಟ್ಟಿದ್ದಾನೆ, ಅಷ್ಟೇ. ಮೇಲೆ ಚುಚ್ಚಿಸಿಕೊಂಡ ಅಂಧಕ, ಕೆಳಗೆ ಹನಿ ಹಿಡಿಯಲು ಬಟ್ಟಲು. ಶಿವನ ಕಣ್ಣು ಉಬ್ಬಿವೆ, ಕೋರೆಹಲ್ಲು ಹೊರಗೆ ಬಂದಿವೆ, ಹಿಂದೆ ಆನೆಯ ಚರ್ಮ ಹರಡಿದೆ. ಕೈಗಳಲ್ಲಿ ಹಲವು ಮುರಿದಿವೆ, ಸೊಂಟದಿಂದ ಕೆಳಗೆ ಬಹುಪಾಲು ಏನೂ ಉಳಿದಿಲ್ಲ. ಆದರೂ ಒಂದು ಹನಿ ತಪ್ಪಿ ಬಿದ್ದುಬಿಟ್ಟರೆ ಅನ್ನುವ ಭಯ ನಿಜವಾಗಿಯೂ ಬಂತು. ಉಳಿ ಹೊಡೆದ ಗುರುತು ಕಣ್ಣಿಗೆ ಕಾಣುತ್ತಿತ್ತು, ಇದು ಬರೀ ಕಲ್ಲು ಅಂತ ಗೊತ್ತಿತ್ತು, ಆದರೂ ಬಂತು.

ಆಮೇಲೆ ಸುಮಾರು 18 ಅಡಿ ಎತ್ತರದ ಸದಾಶಿವನನ್ನೂ ನೋಡಿದೆ. ಎಲ್ಲರೂ ತ್ರಿಮೂರ್ತಿ ಅನ್ನುವ ಆ ಮೂರು ಮುಖ ಶಿವನವೇ. ಅದರ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ, ನಾನು ಮತ್ತೆ ಬರೆಯುವುದಿಲ್ಲ. ಕೈಲಾಸ ಅಲುಗಾಡಿಸುವ ರಾವಣ ಮಾತ್ರ ತುಂಬಾ ಹಾಳಾಗಿದ್ದಾನೆ, ಅವನನ್ನು ನೋಡಿ ಬೇಜಾರಾಯಿತು.

ಮರುದಿನ ಸಂಜೆ ಡೊಂಬಿವಲಿಯಲ್ಲೇ ಒಂದು ಹಾಲ್‌ನಲ್ಲಿ 'ದೇವಿ ಮಹಾತ್ಮೆ' ಇತ್ತು. ಮುಂಬೈಯ ಹವ್ಯಾಸಿಗಳ ಯಕ್ಷಗಾನ, ತೆಂಕುತಿಟ್ಟು ಅಂದರೆ ದಕ್ಷಿಣದ ಶೈಲಿಯದ್ದು. ಊರಲ್ಲಾದರೆ ಇಡೀ ರಾತ್ರಿಯ ಆಟ, ಇಲ್ಲಿ ಕೊನೆಯ ಲೋಕಲ್ ಹಿಡಿಯುವವರಿಗಾಗಿ ಮೂರ್ನಾಲ್ಕು ಗಂಟೆಗೆ ಇಳಿಸುತ್ತಾರೆ. ಚಿಕ್ಕಪ್ಪ ನನ್ನನ್ನು ಸೀದಾ ಚೌಕಿಗೆ, ಅಂದರೆ ವೇಷ ಕಟ್ಟುವ ಕೋಣೆಗೆ, ಕರೆದುಕೊಂಡು ಹೋದರು. ಮಹಿಷಾಸುರನ ಬಣ್ಣದ ವೇಷ, ಅಂದರೆ ಮುಖ ತುಂಬಾ ಬಣ್ಣ ಬರೆಯುವ ರಾಕ್ಷಸ ವೇಷ, ಆಗುತ್ತಿತ್ತು. ಅಕ್ಕಿಹಿಟ್ಟು, ಸುಣ್ಣ ಕಲಸಿದ ಚಿಟ್ಟಿಯನ್ನು ಕಡ್ಡಿಯ ತುದಿಯಲ್ಲಿ ತೆಗೆದು ಕೆನ್ನೆಯ ಮೇಲೆ ಸಾಲಾಗಿ ಇಡುವುದು, ಒಣಗುವುದಕ್ಕೆ ಬಿಡುವುದು, ಅದರ ಮೇಲೆ ಇನ್ನೊಂದು ಪದರ. ಮುಖ ಮುಳ್ಳುಮುಳ್ಳಾಗಿ ಎದ್ದು ಬರುವವರೆಗೂ ಇದೇ ಕೆಲಸ. ಹಗಲಿಡೀ ಬ್ಯಾಂಕಿನಲ್ಲಿ ದುಡಿದು ಬಂದ ಮನುಷ್ಯ. ಅರ್ಧ ಮುಖಕ್ಕೆ ಚಿಟ್ಟಿ ಆಗಿತ್ತು, ಇನ್ನರ್ಧದಲ್ಲಿ ನಮ್ಮನ್ನು ನೋಡಿ ನಕ್ಕು "ಊಟ ಆಯ್ತಾ ಅಣ್ಣ?" ಅಂತ ಚಿಕ್ಕಪ್ಪನನ್ನು ಕೇಳಿದರು.

ಅದೇ ಮನುಷ್ಯ ಒಂದು ಗಂಟೆಯ ನಂತರ ಸಭೆಯ ಹಿಂದಿನಿಂದ, ಜನರ ನಡುವೆ, ಆರ್ಭಟ ಕೊಡುತ್ತಾ ಬಂದಾಗ ನಾನು ಕುರ್ಚಿ ಹಿಂದಕ್ಕೆ ಸರಿಸಿಬಿಟ್ಟೆ. ಪಕ್ಕದ ಮಗು ಅಮ್ಮನ ಸೆರಗಿನೊಳಗೆ ಸೇರಿಕೊಂಡಿತು. ಹಾಲ್ ಆದ್ದರಿಂದ ದೊಂದಿ ಇಲ್ಲ, ರಾಳದ ಪುಡಿ ಎರಚಿ ಭಗ್ ಅನ್ನಿಸುವ ಬೆಂಕಿಯೂ ಇಲ್ಲ, ಚೆಂಡೆ ಒಂದೇ. ಸಾಕಾಗಿತ್ತು.

ನಿನ್ನೆಯ ಬಟ್ಟಲು ನೆನಪಾಗಿದ್ದು ರಕ್ತಬೀಜ ಬಂದಾಗ. ಅಂಧಕನದೇ ಸಮಸ್ಯೆ, ಅದೇ ಹನಿ, ಅದೇ ಹುಟ್ಟು. ರಂಗದ ಮೇಲೆ ಇದ್ದದ್ದು ಒಬ್ಬನೇ ರಕ್ತಬೀಜ. ಹಾಡುವ ಭಾಗವತರು ವೇಗ ಏರಿಸಿದ ಹಾಗೆ ಅವನ ಧೀಂಗಣ, ಅಂದರೆ ಗಿರಗಿರ ಸುತ್ತುವ ಕುಣಿತ, ಜೋರಾಗುತ್ತಾ ಹೋಯಿತು, ಪ್ರತಿ ಸುತ್ತಿಗೂ ಕಿರೀಟ ಬೇರೆ ಕಡೆ ಮಿಂಚಿ, ಈಗ ಎಡಕ್ಕಿದ್ದವನು ಬಲಕ್ಕಿದ್ದಾನೆ, ಬಲಕ್ಕಿದ್ದವನು ದೇವಿಯ ಹಿಂದಿದ್ದಾನೆ, ಎಷ್ಟು ಜನ ಅಂತ ಲೆಕ್ಕವೇ ಸಿಗದ ಹಾಗಾಯಿತು. ಶಿಲ್ಪಿ ಬಟ್ಟಲಿನಲ್ಲಿ ಹೇಳಿದ್ದನ್ನು ಇವರು ವೇಗದಲ್ಲಿ ಹೇಳಿದರು. ನನ್ನ ಮಟ್ಟಿಗೆ ಎರಡರಲ್ಲೂ ಒಂದು ಎಳೆ ಹೆಚ್ಚಿಲ್ಲ, ಒಂದು ಎಳೆ ಕಡಿಮೆಯಿಲ್ಲ.

ಹೊರಡುವ ಮೊದಲು ಛತ್ರಪತಿ ಶಿವಾಜಿ ಮಹಾರಾಜ್ ವಸ್ತುಸಂಗ್ರಹಾಲಯಕ್ಕೂ ಹೋಗಿ ಬಂದೆ. ಅಲ್ಲಿ ನಮ್ಮ ಐಹೊಳೆಯ ಹುಚ್ಚಪ್ಪಯ್ಯನ ಗುಡಿಯ ಛಾವಣಿಯ ಕಲ್ಲುಗಳಿವೆ, ಬ್ರಹ್ಮ, ಶೇಷನ ಮೇಲೆ ಮಲಗಿದ ವಿಷ್ಣು. ಗುಡಿಯಲ್ಲಿ ಕತ್ತೆತ್ತಿ ನೋಡಬೇಕಿದ್ದವರು ಇಲ್ಲಿ ಕಣ್ಣೆದುರಿಗೇ ಇದ್ದಾರೆ. ಕರ್ನಾಟಕದಿಂದ ಬಂದವರು ತಪ್ಪಿಸಿಕೊಳ್ಳಬೇಡಿ. ಆಮೇಲೆ ಪೆಡರ್ ರೋಡಿನ ಗುಲ್ಶನ್ ಮಹಲ್, 2019ರಲ್ಲಿ ತೆರೆದ ಸಿನಿಮಾ ವಸ್ತುಸಂಗ್ರಹಾಲಯ.

ಅಲ್ಲಿ ತಲೆ ತುಂಬಾ ದಾದಾಸಾಹೇಬ್ ಫಾಲ್ಕೆ, ಮೂಕಿ ಚಿತ್ರಗಳ ಕಾಲದ ನಿರ್ದೇಶಕರು. ಪುರಾಣವನ್ನು ಕ್ಯಾಮೆರಾದ ಮುಂದೆ ತಂದವರು ಅವರೇ. 1913ರ 'ರಾಜಾ ಹರಿಶ್ಚಂದ್ರ' ತೆರೆಕಂಡದ್ದು ಇದೇ ಮುಂಬೈಯ ಗಿರ್‌ಗಾಂವ್‌ನಲ್ಲಿ. 1917ರ 'ಲಂಕಾ ದಹನ'ದಲ್ಲಿ ರಾಮನೂ ಸೀತೆಯೂ ಒಬ್ಬರೇ ನಟ, ಅಣ್ಣಾ ಸಾಳುಂಕೆ. ಆದರೆ ನನಗೆ ಎಲ್ಲಕ್ಕಿಂತ ಹಿಡಿಸುವುದು 1919ರ 'ಕಾಳಿಯ ಮರ್ದನ'. ಅದರಲ್ಲಿ ಕೃಷ್ಣನಾಗಿರುವುದು ಅವರ ಪುಟ್ಟ ಮಗಳು ಮಂದಾಕಿನಿ. ಕಥೆ ಶುರುವಾಗುವ ಮೊದಲೇ ಫಾಲ್ಕೆ ಅವಳ ಮುಖವನ್ನು ಹತ್ತಿರದಿಂದ ತೋರಿಸುತ್ತಾರೆ, ಅವಳು ಒಂದರ ನಂತರ ಒಂದು ಭಾವ ಮಾಡುತ್ತಾಳೆ. ನೋಡಿ, ಇವಳು ಒಂದು ಮಗು, ಅಭಿನಯ ಮಾಡುತ್ತಿದ್ದಾಳೆ ಅಂತ ಮೊದಲೇ ಹೇಳಿಬಿಟ್ಟ ಹಾಗೆ. ಆಮೇಲೆ ಅದೇ ಮಗು ಹಾವಿನ ಜೊತೆ ಹೋರಾಡುತ್ತದೆ, ನಾವು ಕೃಷ್ಣನನ್ನೇ ನೋಡುತ್ತೇವೆ. ಚೌಕಿಯಲ್ಲಿ ಅರ್ಧ ಮುಖದಲ್ಲಿ ನಕ್ಕವರನ್ನು ನೋಡಿಯೂ ನಾನು ಹೆದರಿದೆನಲ್ಲ, ಅಂಥ ಪ್ರೇಕ್ಷಕರನ್ನು ಫಾಲ್ಕೆ ಚೆನ್ನಾಗಿ ಬಲ್ಲವರಾಗಿದ್ದರು. ಆ ಚಿತ್ರದಲ್ಲಿ ಹಾಳಾಗದೆ ಉಳಿದುಕೊಂಡಿರುವ ಭಾಗ ಇಂಟರ್ನೆಟ್‌ನಲ್ಲಿ ಸಿಗುತ್ತದೆ, ಮಕ್ಕಳನ್ನು ಕೂರಿಸಿಕೊಂಡು ನೋಡಿ. ಘಾರಾಪುರಿಗೆ ಹೋಗುವುದಾದರೆ ಸೋಮವಾರ ಬಿಟ್ಟು ಹೋಗಿ, ಅವತ್ತು ಗುಹೆ ಮುಚ್ಚಿರುತ್ತದೆ.