ಪ್ರತಿ ಸಲ ಅಲ್ಲೇ ಎದ್ದು ಹೋಗುತ್ತಿದ್ದೆ

ಕೆಲಸ ಮುಂದೂಡುವವರನ್ನು ಸೋಮಾರಿಗಳು ಅಂತ ಕರೆಯುವವರು ನಮ್ಮಂಥವರನ್ನು ಹತ್ತಿರದಿಂದ ನೋಡಿಲ್ಲ. ಒಂದು ಕೆಲಸದಿಂದ ತಪ್ಪಿಸಿಕೊಳ್ಳಲು ನಾವು ಬೇರೆ ಎಷ್ಟು ಕೆಲಸ ಮಾಡುತ್ತೇವೆ ಅಂದರೆ, ಸಂಬಳ ಕೊಟ್ಟರೂ ಯಾರೂ ಅಷ್ಟು ಮಾಡಲಾರರು. ನಾನು ಹೇಳಹೊರಟಿರುವ ಆ ಶನಿವಾರ ಮಧ್ಯಾಹ್ನದೊಳಗೆ ಬೀರು ಜೋಡಿಸಿದ್ದೆ, ಫ್ಯಾನಿನ ರೆಕ್ಕೆ ಒರೆಸಿದ್ದೆ, ಫೋನಿನಲ್ಲಿದ್ದ ಹಳೇ ಫೋಟೋಗಳನ್ನು ವರ್ಷದ ಪ್ರಕಾರ ಬೇರೆ ಬೇರೆ ಮಾಡಿದ್ದೆ, ಕೀಬೋರ್ಡಿನ ಸಂದಿಯಲ್ಲಿದ್ದ ಧೂಳನ್ನು ಹಳೇ ಟೂತ್‌ಬ್ರಷ್ ಹಿಡಿದು ತೆಗೆದಿದ್ದೆ. ಆ ಕೀಬೋರ್ಡಿನಲ್ಲಿ ಟೈಪ್ ಮಾಡಬೇಕಾಗಿದ್ದನ್ನು ಮಾತ್ರ ಮಾಡಿರಲಿಲ್ಲ. ಮಗಳು ರೂಮಿನಿಂದ ಆಚೆ ಬಂದವಳು ಸುತ್ತ ಒಮ್ಮೆ ನೋಡಿ, "ಅಮ್ಮಾ, ಮನೆ ಇಷ್ಟು ನೀಟಾಗಿದೆ ಅಂದ್ರೆ ಆಫೀಸಿನದ್ದು ಏನೋ ಬಾಕಿ ಇದೆ, ಅಲ್ವಾ?" ಅಂದಳು.

ಬಾಕಿ ಇತ್ತು. ನನಗೆ ಬೇರೆ ವಿಭಾಗಕ್ಕೆ ವರ್ಗ ಆಗಿತ್ತು. ಸೋಮವಾರದಿಂದ ನನ್ನ ಜಾಗಕ್ಕೆ ಹೊಸ ಹುಡುಗಿ ಬರುವವಳಿದ್ದಳು. ಯಾವ ಫೈಲ್ ಎಲ್ಲಿದೆ, ಯಾರಿಗೆ ಯಾವಾಗ ಏನು ಕಳಿಸಬೇಕು, ತಿಂಗಳ ಕೊನೆಯಲ್ಲಿ ಲೆಕ್ಕ ಹೇಗೆ ತಾಳೆ ನೋಡಬೇಕು, ಇದನ್ನೆಲ್ಲ ಬರೆದುಕೊಡಬೇಕಿತ್ತು. ಹ್ಯಾಂಡೋವರ್ ನೋಟ್ ಅನ್ನುತ್ತಾರಲ್ಲ, ಅದು. ಹೇಳಿ ವಾರಗಳೇ ಆಗಿದ್ದವು. ಹತ್ತು ಪುಟ ಕೂಡ ಆಗದ ಬರಹ. ವರ್ಷಗಟ್ಟಲೆ ನಾನೇ ಮಾಡಿದ ಕೆಲಸ, ಎಲ್ಲಾ ತಲೆಯಲ್ಲೇ ಇದೆ, ಕೂತು ಬರೆದರೆ ಆಯಿತು ಅಂತ ನಂಬಿದ್ದೆ. ಆದರೂ ದಿನಾ ಸಂಜೆ "ನಾಳೆ ಬೆಳಿಗ್ಗೆ ಮೊದಲು ಇದೇ" ಅಂದುಕೊಂಡು ಲ್ಯಾಪ್‌ಟಾಪ್ ಮುಚ್ಚುತ್ತಿದ್ದೆ. ನಾಳೆ ಅಂದವನ ಮನೆ ಹಾಳು ಅಂತ ಗಾದೆ ಇದೆ. ನನ್ನ ಮನೆ ಹಾಳಾಗುವುದಿರಲಿ, ಫಳಫಳ ಹೊಳೆಯುತ್ತಿತ್ತು.

ಅವತ್ತು ಬೆಳಿಗ್ಗೆ ಮಾಡಿದ ಇನ್ನೊಂದು ಕೆಲಸ ಅಂದರೆ, ಮುಂದೂಡುವ ಚಾಳಿಯ ಬಗ್ಗೆ ಓದಿದ್ದು. ಅದನ್ನು ಬಿಡುವುದು ಹೇಗೆ ಅಂತ ಓದುತ್ತಾ ಕೂತರೆ ಮಾಡಬೇಕಾದ ಕೆಲಸವೂ ಮುಂದೆ ಹೋಗುತ್ತದೆ, ಮನಸ್ಸಿಗೆ ಏನೋ ಒಳ್ಳೇದು ಮಾಡುತ್ತಿದ್ದೇನೆ ಅನ್ನೋ ಸಮಾಧಾನವೂ ಸಿಗುತ್ತದೆ. ಇದಕ್ಕಿಂತ ಒಳ್ಳೇ ನೆಪ ಇಲ್ಲ. ಹಾಗೆ ಓದುವಾಗ ಸಿಕ್ಕವರು ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್. ಅವರು ಹಿಂದೆ ಒಂದು ವರ್ಷ ಭಾರತದಲ್ಲಿದ್ದರಂತೆ. ಆಗ ನೋಡಲು ಬಂದಿದ್ದ ಗೆಳೆಯ ಜೋಸೆಫ್ ಸ್ಟಿಗ್ಲಿಟ್ಜ್ ತಮ್ಮ ಬಟ್ಟೆಯ ಪೆಟ್ಟಿಗೆಯೊಂದನ್ನು ಇವರ ಹತ್ತಿರ ಬಿಟ್ಟು, ಅಮೆರಿಕಕ್ಕೆ ಕಳಿಸಿಕೊಡು ಅಂತ ಹೇಳಿ ಹೋದರು. ಕಳಿಸಲು ಒಂದು ದಿನ ಪೂರ್ತಿ ಓಡಾಡಬೇಕು ಅಂತ ಇವರ ಅಂದಾಜು. ಸರಿ, ನಾಳೆ ಕಳಿಸೋಣ. ದಿನಾ ಬೆಳಿಗ್ಗೆ ಎದ್ದು ಇದೇ ತೀರ್ಮಾನ, ಎಂಟು ತಿಂಗಳಿಗೂ ಜಾಸ್ತಿ! ಕೊನೆಗೆ ಊರಿಗೆ ಹೊರಟಿದ್ದ ಇನ್ನೊಬ್ಬ ಗೆಳೆಯನ ಸಾಮಾನಿನ ಜೊತೆ ಅದನ್ನು ಸೇರಿಸಿದರು. ಇದನ್ನೆಲ್ಲ 1991ರಲ್ಲಿ ಒಂದು ಪ್ರಬಂಧದಲ್ಲಿ ಅವರೇ ಬರೆದುಕೊಂಡಿದ್ದಾರೆ. 2001ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಪಡೆದ ಮೂವರಲ್ಲಿ ಪೆಟ್ಟಿಗೆ ಬಿಟ್ಟುಹೋದವರೂ ಇದ್ದರು, ಕಳಿಸದೇ ಇಟ್ಟುಕೊಂಡವರೂ ಇದ್ದರು. ಓದಿ ನನಗೆ ಎಷ್ಟು ನಿರಾಳ ಆಯಿತು ಅಂತೀರಿ!

ಅಕರ್ಲಾಫ್ ಹೇಳುವುದು ಇಷ್ಟು. ಇವತ್ತು ಪಡಬೇಕಾದ ಕಷ್ಟ ಕಣ್ಣ ಮುಂದೆ ಇರುತ್ತದೆ, ಹಾಗಾಗಿ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ನಾಳೆಯ ಕಷ್ಟ ದೂರದಲ್ಲಿದೆ, ಸಣ್ಣದಾಗಿ ಕಾಣುತ್ತದೆ. ಒಂದು ದಿನ ತಡವಾದರೆ ಆಗುವ ನಷ್ಟ ಅಷ್ಟೇನೂ ಇಲ್ಲ. ಆದ್ದರಿಂದ ಆ ಒಂದು ದಿನದ ಮಟ್ಟಿಗೆ ನಾಳೆ ಅನ್ನುವುದು ಬುದ್ಧಿವಂತಿಕೆಯ ಲೆಕ್ಕವೇ. ತೊಂದರೆ ಏನಂದರೆ ಇದೇ ಲೆಕ್ಕವನ್ನು ನಾಳೆಯೂ ಮಾಡುತ್ತೇವೆ, ನಾಳಿದ್ದೂ ಮಾಡುತ್ತೇವೆ. ಮಾತು ಸರಿ ಅನ್ನಿಸಿತು. ಆದರೆ ನನಗೆ ಅರ್ಥವಾಗದ್ದು ಬೇರೆ. ಅವರ ಪೆಟ್ಟಿಗೆ ಕೆಲಸಕ್ಕೆ ಒಂದು ದಿನದ ಓಡಾಟ ಬೇಕಿತ್ತು. ನನ್ನದರಲ್ಲಿ ಅಂಥ ಕಷ್ಟ ಏನಿತ್ತು? ಕುರ್ಚಿ ಇದೆ, ಲ್ಯಾಪ್‌ಟಾಪ್ ಇದೆ, ಗೊತ್ತಿರುವ ವಿಷಯ.

ಮಧ್ಯಾಹ್ನ ಟೈಮರ್ ಇಟ್ಟುಕೊಂಡು ಕೂತೆ. 25 ನಿಮಿಷ ಕೆಲಸ, 5 ನಿಮಿಷ ಬಿಡುವು. ಪೊಮೊಡೊರೊ ಅಂತ ಎಲ್ಲರಿಗೂ ಗೊತ್ತಿರುವ ಉಪಾಯ ಇದು. ಫ್ರಾನ್ಚೆಸ್ಕೊ ಚಿರಿಲ್ಲೊ ಅನ್ನುವವರು 1980ರ ದಶಕದ ಕೊನೆಯಲ್ಲಿ, ಇನ್ನೂ ಓದುತ್ತಿದ್ದಾಗ, ಪುಸ್ತಕದ ಮುಂದೆ ಮನಸ್ಸು ನಿಲ್ಲದೆ ಅಡುಗೆಮನೆಯಲ್ಲಿ ಇಡುವಂಥ ಟೊಮೆಟೊ ಆಕಾರದ ಟೈಮರ್ ಮುಂದಿಟ್ಟುಕೊಂಡು ಶುರು ಮಾಡಿದ್ದು. ಇದರ ಶಕ್ತಿ ಆ 25ರಲ್ಲಿ ಇಲ್ಲ ಅಂತ ನನಗೆ ಅನ್ನಿಸುತ್ತದೆ. ಕೆಲಸ ಮುಗಿಸು ಅಂತ ಟೈಮರ್ ಹೇಳುವುದಿಲ್ಲ, ಗಂಟೆ ಹೊಡೆಯುವವರೆಗೆ ಕೂತಿರು ಅಷ್ಟೇ ಅನ್ನುತ್ತದೆ. ಮುಗಿಸುತ್ತೇನೆ ಅಂತ ಮಾತು ಕೊಡಲು ಹೆದರುವವರೂ ಸುಮ್ನೆ ಕೂತಿರುತ್ತೇನೆ ಅಂತ ಮಾತು ಕೊಡಬಹುದು.

ಮೊದಲ ಸುತ್ತು ಚೆನ್ನಾಗಿಯೇ ಹೋಯಿತು. ಫೈಲ್‌ಗಳ ಪಟ್ಟಿ, ಪಾಸ್‌ವರ್ಡ್‌ಗಳಿಗೆ ಯಾರನ್ನು ಕೇಳಬೇಕು, ಯಾವ ಇಮೇಲ್‌ಗೆ ತಕ್ಷಣ ಉತ್ತರ ಕೊಡಬೇಕು, ಯಾವುದು ಎರಡು ದಿನ ಕಾದರೂ ನಡೆಯುತ್ತದೆ, ಎಲ್ಲ ಸರಸರ ಬಂತು. ಇಷ್ಟು ಸುಲಭದ್ದನ್ನು ಯಾಕೆ ಇಷ್ಟು ದಿನ ತಳ್ಳಿದೆ ಅಂತ ನನಗೇ ಆಶ್ಚರ್ಯ. ಆಮೇಲೆ "ತಿಂಗಳ ಕೊನೆಯ ತಾಳೆ ಲೆಕ್ಕ" ಅಂತ ಹೆಡಿಂಗ್ ಹಾಕಿದೆ. ಅಡಿಗೆರೆ ಎಳೆದೆ. ಹೆಡಿಂಗ್ ಬೋಲ್ಡ್ ಮಾಡಿದೆ. ಫಾಂಟ್ ಸ್ವಲ್ಪ ದೊಡ್ಡದಾಯಿತು ಅನ್ನಿಸಿ ಚಿಕ್ಕದು ಮಾಡಿದೆ. ಎದ್ದು ಬಾಲ್ಕನಿಗೆ ಹೋದೆ.

ಇಲ್ಲಿ ಒಂದು ಡೈರಿಯ ವಿಷಯ ಹೇಳಬೇಕು. ಸಮಯ ಎಲ್ಲಿ ಹೋಗುತ್ತದೆ ಅಂತ ತಿಳಿಯಬೇಕಾದರೆ ಒಂದು ದಿನ ಪೂರ್ತಿ, ಅರ್ಧ ಗಂಟೆಗೊಮ್ಮೆ, ಏನು ಮಾಡಿದೆ ಅಂತ ಬರೆದಿಡಿ ಅಂತ ಹೇಳುತ್ತಾರಲ್ಲ, ಅದನ್ನು ಬೆಳಿಗ್ಗೆಯಿಂದ ಹಳೇ ಡೈರಿಯ ಹಿಂದಿನ ಹಾಳೆಯಲ್ಲಿ ಮಾಡುತ್ತಾ ಬಂದಿದ್ದೆ. ಅದರಿಂದ ಏನಾದರೂ ಆಗುತ್ತದೆ ಅನ್ನೋ ನಂಬಿಕೆಯಿಂದಲ್ಲ, ಅದೂ ಒಂದು ಹೊತ್ತು ಕಳೆಯುವ ಕೆಲಸ ಅಂತ. ಸಂಜೆ ಬಾಲ್ಕನಿಯಿಂದ ಬಂದು ಬರೆಯಲು ಕೂತಾಗ ಹಾಗೇ ಮೇಲಿನ ಸಾಲುಗಳ ಮೇಲೆ ಕಣ್ಣು ಹೋಯಿತು. ಬೀರು ಜೋಡಿಸಿದ್ದಕ್ಕೆ ಮುಂಚೆ: "ತಾಳೆ ಲೆಕ್ಕದ ಶೀಟ್ ತೆರೆದೆ." ಫ್ಯಾನ್ ಒರೆಸಿದ್ದಕ್ಕೆ ಮುಂಚೆ: "ಶೀಟ್ ನೋಡಿದೆ." ಫೋಟೋಗಳಿಗೆ ಮುಂಚೆಯೂ ಅದೇ. ಈಗ ಬಾಲ್ಕನಿಗೆ ಮುಂಚೆಯೂ ಅದೇ. ಅಂದರೆ ನಾನು ಇಡೀ ಕೆಲಸದಿಂದ ಓಡಿಹೋಗುತ್ತಿರಲಿಲ್ಲ. ಒಂದೇ ಒಂದು ಜಾಗದಿಂದ ಓಡಿಹೋಗುತ್ತಿದ್ದೆ. ಬೇರೆ ಹತ್ತು ಹೆಡಿಂಗ್‌ಗಳ ಬಗ್ಗೆ ನನಗೆ ಯಾವ ತಕರಾರೂ ಇರಲಿಲ್ಲ. ಆ ಒಂದು ಹೆಡಿಂಗ್‌ಗಾಗಿ ಹತ್ತನ್ನೂ ವಾರಗಟ್ಟಲೆ ಒತ್ತೆ ಇಟ್ಟಿದ್ದೆ.

ಆ ಶೀಟಿನಲ್ಲಿ ಏನಿದೆ? ಕೊನೆಯಲ್ಲಿ "ಹೊಂದಾಣಿಕೆ" ಅನ್ನೋ ಒಂದು ಕಾಲಂ ಇದೆ. ಅಲ್ಲಿ ಒಂದು ಸಣ್ಣ ಸಂಖ್ಯೆ ಬರುತ್ತದೆ. ಹಿಂದಿನ ತಿಂಗಳಿನಲ್ಲಿ ಹೇಗಿತ್ತೋ ಹಾಗೆ ಫಾರ್ಮುಲಾ ಕಾಪಿ ಮಾಡಿದರೆ ತಾಳೆ ಆಗುತ್ತದೆ. ನಾನು ಸೇರಿದಾಗ ನನಗೆ ಹಾಗೆ ಮಾಡಿ ತೋರಿಸಿದ್ದರು, ನಾನೂ ಹಾಗೇ ಮಾಡಿಕೊಂಡು ಬಂದೆ. ಅದು ಯಾಕೆ ಇದೆ, ಏನನ್ನು ಹೊಂದಿಸುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಮಾಡಿಕೊಂಡು ಹೋಗುವವರೆಗೆ ಗೊತ್ತಿಲ್ಲದಿದ್ದರೂ ನಡೆಯುತ್ತದೆ. ಬರೆದುಕೊಡಬೇಕು ಅಂದಾಗಲೇ ಬಣ್ಣ ಬಯಲಾಗುವುದು. ಆ ಹುಡುಗಿ ಮೊದಲ ವಾರವೇ "ಮೇಡಂ, ಈ ಕಾಲಂ ಯಾಕೆ?" ಅಂತ ಕೇಳುತ್ತಾಳೆ, ಇಷ್ಟು ವರ್ಷದ ಅನುಭವಸ್ಥೆ ನಾನು ಬಾಯಿ ಬಿಟ್ಟುಕೊಂಡು ನಿಲ್ಲುತ್ತೇನೆ. ಇದನ್ನು ಇಷ್ಟು ಸ್ಪಷ್ಟವಾಗಿ ಅಲ್ಲಿಯವರೆಗೆ ನನಗೆ ನಾನೇ ಹೇಳಿಕೊಂಡಿರಲಿಲ್ಲ. ಆ ಶೀಟ್ ತೆರೆದಾಗ ಹೊಟ್ಟೆಯಲ್ಲಿ ಒಂಥರಾ ಆಗುತ್ತಿತ್ತು, ಅಷ್ಟೇ. ಬೀರಿನ ಬಾಗಿಲು ತೆರೆದರೆ ಅದು ಹೋಗುತ್ತಿತ್ತು.

ಮನಶ್ಶಾಸ್ತ್ರಜ್ಞರಾದ ಫುಶಿಯಾ ಸಿರೋಯಿ ಮತ್ತು ತಿಮೊತಿ ಪಿಚಿಲ್ 2013ರಲ್ಲಿ ಬರೆದದ್ದು ಬಹುಮಟ್ಟಿಗೆ ಇದನ್ನೇ. ಮುಂದೂಡುವುದು ಸಮಯದ ಸಮಸ್ಯೆಗಿಂತ ಜಾಸ್ತಿ ಮನಸ್ಸಿನ ಸಮಸ್ಯೆ, ಕೆಲಸ ಹುಟ್ಟಿಸುವ ಬೇಸರವನ್ನೋ ಭಯವನ್ನೋ ಆ ಕ್ಷಣಕ್ಕೆ ದೂರ ಮಾಡಿಕೊಳ್ಳುವ ದಾರಿ ಅಂತ. ಬೆಳಿಗ್ಗೆ ಇದನ್ನು ಓದಿ "ಹೌದೌದು" ಅಂತ ತಲೆ ಆಡಿಸಿ ಪುಟ ತಿರುವಿದ್ದೆ. ಆಗ ಅದು ಬೇರೆ ಯಾರದೋ ವಿಷಯ ಆಗಿತ್ತು.

ನನಗಿಂತ ಮುಂಚೆ ಆ ಕೆಲಸ ನೋಡಿಕೊಳ್ಳುತ್ತಿದ್ದ ಮೇಡಂ ನಿವೃತ್ತಿಯಾಗಿ ತುಂಬಾ ಕಾಲ ಆಗಿದೆ. ನಂಬರ್ ಇತ್ತು. ಶನಿವಾರ ಸಂಜೆ ಫೋನ್ ಮಾಡುವುದೋ ಬೇಡವೋ ಅಂತ ಇನ್ನೊಂದು ಸುತ್ತು ಮನೆಯೊಳಗೆ ಓಡಾಡಿ, ಮಾಡೇಬಿಟ್ಟೆ. ಕ್ಷೇಮ ಸಮಾಚಾರ ಎಲ್ಲಾ ಆದಮೇಲೆ ಹೊಂದಾಣಿಕೆ ಕಾಲಂ ಬಗ್ಗೆ ಕೇಳಿದೆ.

"ಅಯ್ಯೋ, ಅದು ಇನ್ನೂ ಇದೆಯಾ?" ಅಂತ ಜೋರಾಗಿ ನಕ್ಕರು. "ಹಳೇ ಸಾಫ್ಟ್‌ವೇರ್‌ನಲ್ಲಿ ದಶಮಾಂಶ ಸರಿಯಾಗಿ ಬರ್ತಿರಲಿಲ್ಲಮ್ಮ. ಆ ಚೂರುಪಾರು ವ್ಯತ್ಯಾಸ ಸರಿ ಮಾಡೋದಕ್ಕೆ ನಾನೇ ಹಾಕಿದ್ದು. ಆ ಸಾಫ್ಟ್‌ವೇರೇ ಹೋಗಿ ಎಷ್ಟು ವರ್ಷ ಆಯ್ತು! ತೆಗೆದುಹಾಕು."

"ತೆಗೆದರೆ ತಾಳೆ ತಪ್ಪುತ್ತೇನೋ ಮೇಡಂ?"

"ತೆಗೆದು ನೋಡು. ತಪ್ಪಿದ್ರೆ ನಾನಿದೀನಲ್ಲ."

ಶೀಟಿನ ಒಂದು ಕಾಪಿ ಮಾಡಿಟ್ಟುಕೊಂಡು ಕಾಲಂ ತೆಗೆದೆ. ಅದಕ್ಕೆ ಜೋಡಿಯಾಗಿ ಇನ್ನೊಂದು ಶೀಟಿನಲ್ಲಿ ಕೂತಿದ್ದ ಸಾಲನ್ನೂ ತೆಗೆದೆ. ಲೆಕ್ಕ ಸರಿಯಾಗಿ ಕೂತಿತು. ಉಳಿದ ನೋಟ್ ಬರೆದು ಮುಗಿಸಲು ಅವತ್ತು ರಾತ್ರಿ ಒಂದು ಗಂಟೆಯೂ ಬೇಕಾಗಲಿಲ್ಲ.

ಹಾಗಂತ ಸಮಯದ ಲೆಕ್ಕಾಚಾರವೇ ಬೇಡ, ಭಯ ಹುಡುಕಿದರೆ ಸಾಕು ಅಂತ ನಾನು ಹೇಳುತ್ತಿಲ್ಲ. ಲೆಕ್ಕಾಚಾರದಲ್ಲಿ ನಾವು ಎಷ್ಟು ದಡ್ಡರು ಅಂತ ತೋರಿಸುವ ಒಂದು ಅಧ್ಯಯನ ಇದೆ. 1994ರಲ್ಲಿ ಮನಶ್ಶಾಸ್ತ್ರಜ್ಞ ರೋಜರ್ ಬ್ಯೂಲರ್ ಮತ್ತು ಜೊತೆಗಾರರು, ಪದವಿಯ ಕೊನೆಯ ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು ಎಷ್ಟು ದಿನದಲ್ಲಿ ಮುಗಿಸುತ್ತೀರಿ ಅಂತ ಕೇಳಿದರು. ಸರಾಸರಿ ಉತ್ತರ ಸುಮಾರು 34 ದಿನ. ಎಲ್ಲಾ ಕೆಟ್ಟದಾಗಿ ಹೋದರೆ ಎಷ್ಟಾಗಬಹುದು ಅಂದದ್ದಕ್ಕೆ ಸುಮಾರು 49. ನಿಜವಾಗಿ ಹಿಡಿದದ್ದು 55 ದಿನಕ್ಕೂ ಸ್ವಲ್ಪ ಜಾಸ್ತಿ. ಅಂದರೆ ಹೆದರಿ ಹೆದರಿ ಹೇಳಿದ ಅಂದಾಜು ಕೂಡ ಸಾಲಲಿಲ್ಲ! ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವೆರ್ಸ್ಕಿ 1979ರಲ್ಲೇ ಈ ತಪ್ಪು ಅಂದಾಜಿನ ಬಗ್ಗೆ ಬರೆದು ಔಷಧಿಯನ್ನೂ ಹೇಳಿದ್ದರು: ಈ ಸಲ ಎಷ್ಟು ಹೊತ್ತು ಬೇಕು ಅಂತ ಊಹೆ ಮಾಡಬೇಡಿ, ಇಂಥದ್ದೇ ಕೆಲಸಕ್ಕೆ ಹಿಂದೆ ಎಷ್ಟು ಹಿಡಿದಿತ್ತು ನೋಡಿ. ನನ್ನ ಡೈರಿಯ ಹಿಂದಿನ ಹಾಳೆಗಳು ಈಗ ಇದಕ್ಕೂ ಉಪಯೋಗಕ್ಕೆ ಬರುತ್ತವೆ. ತಿಂಗಳ ವರದಿ "ಒಂದು ಗಂಟೆ ಕೆಲಸ" ಅಂತ ನಾನು ಈಗಲೂ ಅಂದುಕೊಳ್ಳುತ್ತೇನೆ, ಮೂರು ಗಂಟೆ ಅಂತ ಡೈರಿ ಹೇಳುತ್ತದೆ, ಪ್ರತಿ ತಿಂಗಳೂ ಡೈರಿಯೇ ಗೆಲ್ಲುತ್ತದೆ.

ಇಟ್ಟುಕೊಂಡ ಸಮಯವನ್ನೆಲ್ಲ ಕೆಲಸ ನುಂಗಿಬಿಡುತ್ತದೆ ಅಂತ ಬ್ರಿಟಿಷ್ ಲೇಖಕ ಪಾರ್ಕಿನ್ಸನ್ 1955ರಲ್ಲಿ ತಮಾಷೆಯಾಗಿ ಬರೆದದ್ದನ್ನು ಎಲ್ಲರೂ ಹೇಳುತ್ತಾರೆ. ಹಾಗಾಗಿ ಗಡುವು ಕಡಿಮೆ ಮಾಡಿ ಅನ್ನುತ್ತಾರೆ. ಬೇಸರದ ಕೆಲಸಗಳಿಗೆ ಇದು ನಡೆಯುತ್ತದೆ. ಭಯದ ಕೆಲಸಗಳಿಗೆ ನಡೆಯುವುದಿಲ್ಲ ಅಂತ ನನ್ನ ಅನುಭವ. ಗಡುವು ಹತ್ತಿರ ಬಂದಷ್ಟೂ ನಾನು ಕೀಬೋರ್ಡ್ ಇನ್ನೂ ಚೆನ್ನಾಗಿ ಉಜ್ಜುತ್ತೇನೆ. ಅದಕ್ಕೇ ಫೋನಿನಲ್ಲಿ ಹಾಕಿಕೊಂಡಿದ್ದ, ಕೆಲಸ ಬಾಕಿ ಇದೆ ಅಂತ ದಿನಾ ಬೈಯುವ ಆ್ಯಪ್‌ಗಳನ್ನೆಲ್ಲ ತೆಗೆದೆ. 2010ರಲ್ಲಿ ಪಿಚಿಲ್ ಅವರೂ ಸೇರಿ ಮಾಡಿದ ಒಂದು ಅಧ್ಯಯನದಲ್ಲಿ, ಮೊದಲ ಪರೀಕ್ಷೆಗೆ ಓದುವುದನ್ನು ಮುಂದೂಡಿ ಅದಕ್ಕೆ ತಮ್ಮನ್ನು ತಾವು ಕ್ಷಮಿಸಿಕೊಂಡ ವಿದ್ಯಾರ್ಥಿಗಳು ಮುಂದಿನ ಪರೀಕ್ಷೆಗೆ ಕಡಿಮೆ ಮುಂದೂಡಿದ್ದು ಕಂಡುಬಂದಿತ್ತು. ಬೈಸಿಕೊಂಡರೆ ಕೆಲಸದ ಮೇಲಿನ ಕಹಿ ಇನ್ನೂ ಒಂದು ಪದರ ಹೆಚ್ಚಾಗುತ್ತದೆ, ಅಷ್ಟೇ ಲಾಭ.

ಈಗ ಯಾವುದಾದರೂ ಕೆಲಸ ಮೂರು ದಿನಕ್ಕಿಂತ ಜಾಸ್ತಿ ಹಿಂದೆ ಬಿದ್ದರೆ ಟೈಮರ್ ಇಡುವ ಮುಂಚೆ ಅದನ್ನು ಒಮ್ಮೆ ತೆರೆದು, ಎಲ್ಲಿ ಏಳಬೇಕು ಅನ್ನಿಸುತ್ತದೋ ಆ ಸಾಲನ್ನು ಬರೆದುಕೊಳ್ಳುತ್ತೇನೆ. ಬಹಳ ಸಲ ಅಲ್ಲಿ ಯಾರನ್ನೋ ಒಂದು ಪ್ರಶ್ನೆ ಕೇಳಬೇಕಾಗಿರುತ್ತದೆ. ಕೆಲವು ಸಲ ಏನೂ ಇರುವುದಿಲ್ಲ, ಬರೀ ಬೇಸರ. ಆಗ ಟೈಮರ್ ಸಾಕು. ಹೊಸ ಹುಡುಗಿಗೆ ಕೊಟ್ಟ ನೋಟಿನಲ್ಲಿ ಕೊನೆಗೆ "ನನಗೂ ಪೂರ್ತಿ ಗೊತ್ತಿಲ್ಲದ ವಿಷಯಗಳು" ಅಂತ ಒಂದು ಹೆಡಿಂಗ್ ಸೇರಿಸಿದ್ದೆ. ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಆ ಪುಟವೇ ಅಂತ ಆಮೇಲೆ ಅವಳೇ ಹೇಳಿದಳು.

ಈ ಉಪಾಯ ಸೋತಿರುವುದು ಹಲ್ಲಿನ ಡಾಕ್ಟರ ವಿಷಯದಲ್ಲಿ. ಎಲ್ಲಿ ಎದ್ದು ಹೋಗುತ್ತೇನೆ ಅಂತ ಅಲ್ಲಿ ಹುಡುಕಬೇಕಾಗಿಯೇ ಇಲ್ಲ, ಡ್ರಿಲ್ಲಿನ ಶಬ್ದ ಅಂತ ಚಿಕ್ಕ ಮಗುವೂ ಹೇಳುತ್ತದೆ. ಗೊತ್ತಾದ ಮಾತ್ರಕ್ಕೆ ಆ ಭಯ ಹೋಗಲಿಲ್ಲ. ಅದಕ್ಕೆ ಈಗ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಸರ್ ಹೇಳುವ ದಾರಿ ಹಿಡಿದಿದ್ದೇನೆ. "ಹೋಗಬೇಕು" ಅಂತ ಬರೆಯುವ ಬದಲು ಯಾವಾಗ, ಎಲ್ಲಿ, ಏನಾದಾಗ ಏನು ಮಾಡುತ್ತೇನೆ ಅಂತ ಬರೆಯುವುದು. ಗುರುವಾರ ಊಟದ ಬಿಡುವಿನಲ್ಲಿ, ಕೈ ತೊಳೆದ ತಕ್ಷಣ, ಅಪಾಯಿಂಟ್‌ಮೆಂಟ್‌ಗೆ ಫೋನ್. ಡೈರಿಯಲ್ಲಿ ಬರೆದಾಗಿದೆ, ಪಕ್ಕದಲ್ಲಿ ಮಗಳ ಸಹಿಯೂ ಆಗಿದೆ. ಇವತ್ತು ಮಂಗಳವಾರ. ಬೀರಿಗೆ ಬೀಗ ಹಾಕಿ ಕೀಲಿಯನ್ನು ಅವಳೇ ಇಟ್ಟುಕೊಂಡಿದ್ದಾಳೆ.