ದೊನೊಸ್ತಿಯಾ: ಅಡುಗೆಮನೆಯ ಹೊತ್ತು, ಸಮುದ್ರದ ಹೊತ್ತು

ಸ್ಪೇನಿನ ಉತ್ತರ ಕರಾವಳಿಯಲ್ಲಿ, ಫ್ರಾನ್ಸ್ ಗಡಿಯಿಂದ ಸುಮಾರು 20 ಕಿ.ಮೀ. ದೂರದಲ್ಲಿರುವ ಸಾನ್ ಸೆಬಾಸ್ಟಿಯನ್ ಊರಿಗೆ ಈ ಸೀಮೆಯ ಬಾಸ್ಕ್ ಜನ ತಮ್ಮ ಭಾಷೆಯಲ್ಲಿ ಕರೆಯುವ ಹೆಸರು ದೊನೊಸ್ತಿಯಾ. ಬಸ್ಸಿನ ಬೋರ್ಡಿನಲ್ಲಿ, ಟಿಕೆಟಿನಲ್ಲಿ ಯಾವ ಹೆಸರು ಕಂಡರೂ ಗಾಬರಿ ಬೇಡ, ಊರು ಒಂದೇ. ರೂಮು ಬುಕ್ ಮಾಡುವಾಗ ಮಾತ್ರ ಹುಷಾರು. ಮ್ಯಾಡ್ರಿಡ್ ಪಕ್ಕದಲ್ಲೊಂದು ಸಾನ್ ಸೆಬಾಸ್ಟಿಯನ್ ದೆ ಲೋಸ್ ರೆಯೆಸ್ ಇದೆ, ಕೆನರಿ ದ್ವೀಪಗಳಲ್ಲಿ ಇನ್ನೊಂದಿದೆ. ಅಗ್ಗದ ರೂಮು ಸಿಕ್ಕಿತೆಂದು ಹಿಗ್ಗುವ ಮೊದಲು ಪ್ರಾಂತ್ಯದ ಹೆಸರು ಗಿಪುಸ್ಕೋವಾ ಎಂದೇ ಇದೆಯೇ ನೋಡಿಕೊಳ್ಳಿ.

ಊರು ಚಿಕ್ಕದು, ಬಹುತೇಕ ಎಲ್ಲವನ್ನೂ ನಡೆದೇ ನೋಡಬಹುದು. ಹೋದವರು ಎಡವುವುದು ದಾರಿಯಲ್ಲಲ್ಲ, ಹೊತ್ತಿನಲ್ಲಿ. ಅಡುಗೆಮನೆ ಮುಚ್ಚಿದ ಮೇಲೆ ಹಸಿದು ಬಂದು ನಿಲ್ಲುತ್ತಾರೆ, ಇಳಿತದಲ್ಲಿ ನೋಡಬೇಕಾದ್ದನ್ನು ಉಬ್ಬರದಲ್ಲಿ ನೋಡಲು ಹೋಗುತ್ತಾರೆ. ದಿನದ ಯೋಜನೆಯನ್ನು ಈ ಎರಡರ ಸುತ್ತ ಹೆಣೆದರೆ ಮೂರು ರಾತ್ರಿ ಧಾರಾಳವಾಗಿ ಸಾಕು.

ವೀಸಾ ವಿಷಯ ಚುಟುಕಾಗಿ. ಬೇಕಿರುವುದು ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಸಲ್ಲುವ ಒಂದೇ ವೀಸಾ. ಪ್ಯಾರಿಸ್ಸಿನಲ್ಲಿ ಇಳಿದರೂ ಹೆಚ್ಚು ದಿನ ಸ್ಪೇನಿನಲ್ಲಿ ಇರುವುದಾದರೆ ಅರ್ಜಿ ಸ್ಪೇನಿಗೇ ಹಾಕಬೇಕು. ಬೆಂಗಳೂರಿನಲ್ಲೇ ಅರ್ಜಿ ಕೇಂದ್ರವಿದೆ. ಪ್ರವಾಸಕ್ಕೆ ಆರು ತಿಂಗಳು ಇರುವಾಗಿನಿಂದ ಅರ್ಜಿ ಸಲ್ಲಿಸಬಹುದು, ಹೊರಡಲು 15 ದಿನ ಇರುವಷ್ಟರೊಳಗೆ ಸಲ್ಲಿಸಿರಲೇಬೇಕು. ಕನಿಷ್ಠ 30,000 ಯೂರೋ ಮೊತ್ತದ ಪ್ರವಾಸ ವಿಮೆ ಕಡ್ಡಾಯ. ಬೇಸಿಗೆಗೆ ಹೋಗುವವರಿಗೆ ದೊಡ್ಡ ತಲೆನೋವು ಅಪಾಯಿಂಟ್‌ಮೆಂಟ್ ಸಿಗುವುದೇ, ಹಾಗಾಗಿ ಅದನ್ನು ಮೊದಲು ಹಿಡಿಯಿರಿ.

ತಲುಪಲು ಸುಲಭದ ದಾರಿ ಬಿಲ್ಬಾವೊ ವಿಮಾನ ನಿಲ್ದಾಣ. ಹೊರಗೇ ದೊನೊಸ್ತಿಯಾಕ್ಕೆ ನೇರ ಬಸ್ಸು ಸಿಗುತ್ತದೆ, ಹೆಚ್ಚುಕಡಿಮೆ ಗಂಟೆಗೊಂದು. ಪ್ರಯಾಣ ಒಂದೂಕಾಲು ಗಂಟೆ. ಬಿಲ್ಬಾವೊ ನಗರದಿಂದ ಯೂಸ್ಕೋತ್ರೆನ್ ರೈಲೂ ಇದೆ, ಆದರೆ ಅದು ಹಳ್ಳಿ ಹಳ್ಳಿಗೂ ನಿಂತು ಎರಡೂವರೆ ಗಂಟೆಗೂ ಮೀರಿ ಎಳೆಯುತ್ತದೆ. ಕಿಟಕಿಯಾಚೆಯ ನೋಟದ ಆಸೆಯಿದ್ದವರು ಮಾತ್ರ ಹತ್ತಲಿ. ಪ್ಯಾರಿಸ್‌ನಿಂದ ಬರುವವರು ಫ್ರಾನ್ಸಿನ ವೇಗದ ರೈಲು ಟಿಜಿವಿಯಲ್ಲಿ ಗಡಿಯ ಆಂದಾಯ್ ತನಕ ಬಂದು, ನಿಲ್ದಾಣದ ಪಕ್ಕದಲ್ಲೇ ‘ತೋಪೊ’ ಎಂಬ ಸಣ್ಣ ರೈಲು ಹತ್ತಿದರೆ ಮುಕ್ಕಾಲು ಗಂಟೆಯೊಳಗೆ ಊರು. ಬಸ್ ನಿಲ್ದಾಣ ನೆಲದಡಿಯಲ್ಲಿದೆ, ಮುಖ್ಯ ರೈಲು ನಿಲ್ದಾಣಕ್ಕೆ ತಾಗಿಕೊಂಡಂತೆ. ಮೇಲೆ ಬಂದು ಉರುಮೇಯಾ ನದಿಯ ಸೇತುವೆ ದಾಟಿದರೆ ಪೇಟೆ.

ಉಳಿಯಲು ಹಳೇ ಪೇಟೆ, ಅಂದರೆ ಪಾರ್ತೆ ವಿಯೆಹಾ, ಚಿತ್ರದಲ್ಲಿ ಚೆಂದ. ರಾತ್ರಿ ಒಂದರವರೆಗೂ ಕಿಟಕಿಯ ಕೆಳಗೆ ಗದ್ದಲ. ನದಿಯಾಚೆಯ ಗ್ರೋಸ್ ಬಡಾವಣೆ ವಾಸಿ: ಹಳೇ ಪೇಟೆಗೆ ಹತ್ತು ನಿಮಿಷದ ನಡಿಗೆ, ಒಳ್ಳೆಯ ಬಾರ್‌ಗಳೂ ಇವೆ, ಸರ್ಫಿಂಗ್ ಮಾಡುವ ಸುರಿಯೋಲಾ ಕಡಲತೀರ ಮುಂದೆಯೇ. ಆಗಸ್ಟ್ ಮಧ್ಯದ ‘ಅಸ್ತೆ ನಗುಸಿಯಾ’ ಹಬ್ಬದ ವಾರ, ಸೆಪ್ಟೆಂಬರಿನ ಚಲನಚಿತ್ರೋತ್ಸವದ ದಿನಗಳಲ್ಲಿ ರೂಮಿನ ಬೆಲೆ ಕೈಗೆ ಸಿಗುವುದಿಲ್ಲ. ಜೂನ್ ಮೊದಲರ್ಧ ಅಥವಾ ಅಕ್ಟೋಬರ್ ಆರಂಭ ನಮ್ಮ ಆಯ್ಕೆ. ಮಳೆ ಯಾವ ತಿಂಗಳೂ ಬಿಡದು. ‘ಸಿರಿಮಿರಿ’ ಎಂಬ ಜಿನುಗು ಮಳೆ ಕೊಡೆಗೆ ಬಗ್ಗುವುದಿಲ್ಲ, ಟೋಪಿಯಿರುವ ತೆಳು ಜಾಕೆಟ್ ಒಯ್ಯಿರಿ.

ಈಗ ಊಟ. ಇಲ್ಲಿನ ಪದ್ಧತಿ ಒಂದೇ ಕಡೆ ಕೂತು ಹೊಟ್ಟೆ ತುಂಬಿಸುವುದಲ್ಲ. ಒಂದು ಬಾರಿನಲ್ಲಿ ಒಂದು ಪಿಂಚೊ, ಅಂದರೆ ಎರಡು ಮೂರು ತುತ್ತಿನ ತಿನಿಸು, ಒಂದು ಪುಟ್ಟ ಪಾನೀಯ, ಆಮೇಲೆ ಮುಂದಿನ ಬಾರ್‌ನತ್ತ ನಡೆ. ಸಂಜೆಗೆ ನಾಲ್ಕೈದು ಬಾರ್ ಆದರೆ ಊಟ ಮುಗಿದಂತೆ. ದರ್ಶಿನಿಯಲ್ಲಿ ನಿಂತು ತಿಂದು ರೂಢಿಯಿದ್ದವರಿಗೆ ನಿಲ್ಲುವುದು ಹೊಸದಲ್ಲ. ಅಲ್ಲಿ ಮೊದಲು ಟೋಕನ್, ಇಲ್ಲಿ ದುಡ್ಡು ಕೊನೆಗೆ, ಅಷ್ಟೇ ವ್ಯತ್ಯಾಸ. ತಿಂದದ್ದನ್ನು ನೀವೇ ಹೇಳಬೇಕು, ಅವರು ನಂಬುತ್ತಾರೆ.

ಹೊಸಬರು ಮಾಡುವ ತಪ್ಪು: ಕೌಂಟರಿನ ಮೇಲೆ ಜೋಡಿಸಿಟ್ಟ ತಣ್ಣನೆಯ ಪಿಂಚೊಗಳನ್ನೇ ತಟ್ಟೆ ತುಂಬ ಹೇರಿಕೊಳ್ಳುವುದು. ಬಾರಿನ ಕೈಚಳಕ ಇರುವುದು ಬಿಸಿ ಪಿಂಚೊಗಳಲ್ಲಿ. ಅವು ಕಣ್ಣಿಗೆ ಕಾಣುವುದಿಲ್ಲ, ಗೋಡೆಯ ಕಪ್ಪುಹಲಗೆಯ ಮೇಲೆ ಬರೆದಿರುತ್ತವೆ. ಕೇಳಿದ ಮೇಲೆ ಒಳಗೆ ಮಾಡಿ ತರುತ್ತಾರೆ. ಕೌಂಟರಿಗೆ ಜಾಗ ಮಾಡಿಕೊಂಡು ಹೋಗಿ, ಬಾರಿನವರ ಕಣ್ಣು ನಿಮ್ಮ ಮೇಲೆ ಬೀಳುವವರೆಗೆ ಕಾಯಿರಿ. ಕೂಗಿದರೆ, ಕೈ ಬೀಸಿದರೆ ಕೆಲಸ ಇನ್ನೂ ತಡವಾಗುತ್ತದೆ. ಕೌಂಟರಿನದ್ದನ್ನು ಕೈಹಾಕಿ ತೆಗೆಯಬಹುದೋ ಇಲ್ಲವೋ ಒಂದೊಂದು ಕಡೆ ಒಂದೊಂದು ರೀತಿ, ಆದ್ದರಿಂದ ಮೊದಲು ತಟ್ಟೆ ಕೇಳಿ. ಒಂದು ಪಿಂಚೊಗೆ ಸುಮಾರು 3ರಿಂದ 5 ಯೂರೋ ಲೆಕ್ಕ ಇಟ್ಟುಕೊಳ್ಳಿ.

ಪಾನೀಯಕ್ಕೆ ‘ಸುರಿತೊ’ ಎಂದರೆ ಅರ್ಧ ಲೋಟಕ್ಕಿಂತ ಕಡಿಮೆ ಬಿಯರ್. ‘ಚಾಕೊಲಿ’ ಎಂದರೆ ಇಲ್ಲಿನ ಹುಳಿ ಬಿಳಿ ವೈನ್, ಬಾಟಲಿಯನ್ನು ಎತ್ತರಕ್ಕೆ ಹಿಡಿದು ನೊರೆ ಬರುವಂತೆ ಸುರಿಯುತ್ತಾರೆ. ಕುಡಿಯದವರು ‘ಮೊಸ್ತೊ’ ಕೇಳಲಿ, ಹುದುಗು ಬರದ ದ್ರಾಕ್ಷಿ ರಸ. ಬಾರಿನಲ್ಲಿ ಅದನ್ನು ಕೇಳಿದರೆ ಯಾರೂ ಹುಬ್ಬೇರಿಸುವುದಿಲ್ಲ.

ಹೊತ್ತು ನೆನಪಿರಲಿ: ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರು, ಮತ್ತೆ ಸಂಜೆ ಏಳೂವರೆಯಿಂದ ಹತ್ತೂವರೆ. ನಡುವೆ ಬಾಗಿಲು ತೆರೆದಿದ್ದರೂ ಒಲೆ ಆರಿರುತ್ತದೆ, ಮಧ್ಯಾಹ್ನದ್ದೇ ಒಣಗಿದ ಬ್ರೆಡ್ಡು ಗತಿ. ಭಾನುವಾರ ರಾತ್ರಿ ಮತ್ತು ಸೋಮವಾರ ಹಲವು ಒಳ್ಳೆಯ ಬಾರ್‌ಗಳಿಗೆ ರಜೆ. ಆ ಎರಡೇ ದಿನ ಇಟ್ಟುಕೊಂಡು ಬಂದವರು ಊರಿನ ಅರ್ಧ ರುಚಿಯನ್ನೂ ಕಾಣುವುದಿಲ್ಲ.

ಸಸ್ಯಾಹಾರಿಗಳಿಗೆ ಇದು ಸಲೀಸಿನ ಊರಲ್ಲ, ಅಸಾಧ್ಯದ ಊರೂ ಅಲ್ಲ. ‘ವೆಹೆತಾರಿಯಾನೊ’ (ಸಸ್ಯಾಹಾರಿ) ಎಂದಷ್ಟೇ ಹೇಳಿದರೆ ಹಮೋನ್, ಅಂದರೆ ಒಣಗಿಸಿದ ಹಂದಿಮಾಂಸದ ಚೂರು, ಬಂದೇ ಬರಬಹುದು. ಟ್ಯೂನಾ ಮೀನನ್ನಂತೂ ಹಲವರು ಮಾಂಸದ ಲೆಕ್ಕಕ್ಕೇ ಹಿಡಿಯುವುದಿಲ್ಲ. ‘ವೆಹೆತಾಲ್’ ಎಂಬ ಹೆಸರಿನ ಸ್ಯಾಂಡ್‌ವಿಚ್ಚಿನಲ್ಲಿ ಸಾಮಾನ್ಯವಾಗಿ ಟ್ಯೂನಾ ಮೀನು, ಮೊಟ್ಟೆ ಎರಡೂ ಇರುತ್ತವೆ. ಆಲೂಗಡ್ಡೆ ಸಲಾಡಿನಂತೆ ಕಾಣುವ ‘ಎನ್ಸಲಾದಿಯಾ’ದಲ್ಲೂ ಅದೇ ಮೀನು. ಹಾಗಾಗಿ ಒಂದೊಂದಾಗಿ ಹೇಳಿ: ‘ಸಿನ್ ಕಾರ್ನೆ, ಸಿನ್ ಹಮೋನ್, ಸಿನ್ ಪೆಸ್ಕಾದೊ, ಸಿನ್ ಅತೂನ್’. ಮಾಂಸ, ಹಮೋನ್, ಮೀನು, ಟ್ಯೂನಾ ಯಾವುದೂ ಬೇಡ ಎಂದರ್ಥ. ಕೆಂಪು ಪಿಕಿಯೊ ಮೆಣಸಿನೊಳಗೆ ಮೀನಿನ ಹೂರಣ, ತೊಲೋಸಾ ಊರಿನ ಕಪ್ಪು ಅವರೆಯ ಸಾರಿನಲ್ಲಿ ಹಂದಿಯ ತುಂಡು ಇರುವುದು ವಾಡಿಕೆ. ಹೂರಣವಿಟ್ಟು ಕರಿದ ಕ್ರೋಕೆತಾ ತಿನ್ನುವ ಮೊದಲು ಒಳಗೇನಿದೆ ಕೇಳಿ. ‘ಓಂಗೋಸ್’ ಎಂದರೆ ಅಣಬೆ, ಅದು ಸರಿ.

ನೆಚ್ಚಿಕೊಳ್ಳಬಹುದಾದವು ಇವು: ಬೇಸಿಗೆಯಲ್ಲಿ ಎಣ್ಣೆಯಲ್ಲಿ ಬಾಡಿಸಿ ಕಲ್ಲುಪ್ಪು ಉದುರಿಸಿದ ಗೆರ್ನಿಕಾದ ಹಸಿರು ಮೆಣಸಿನಕಾಯಿ, ದಪ್ಪ ಹೋಳಿನ ಟೊಮೆಟೊ ಸಲಾಡ್, ಕಾವಲಿಯಲ್ಲಿ ಹುರಿದ ಕಾಡು ಅಣಬೆ. ಅಣಬೆಗೆ ಗಾನ್ಬಾರಾ ಬಾರ್ ಹೆಸರುವಾಸಿ. ಮೇಲೆ ಹಸಿ ಮೊಟ್ಟೆಯ ಹಳದಿ ಇಡುತ್ತಾರೆ, ಬೇಡವೆಂದರೆ ಮೊದಲೇ ಹೇಳಿ. ಬೆಲೆ ಮಾತ್ರ ಚುರುಕು. ಇದಿಯಸಾಬಾಲ್ ಕುರಿಹಾಲಿನ ಚೀಸ್ ಸೊಗಸು, ಆದರೆ ಹಾಲು ಒಡೆಯಲು ಬಳಸುವುದು ಕುರಿಮರಿಯ ಜಠರದ ರೆನೆಟ್. ಕಟ್ಟುನಿಟ್ಟಿನವರು ಬಿಡಲಿ. ಮೊಟ್ಟೆಯನ್ನೂ ತಿನ್ನದವರು ಅಡುಗೆಮನೆಯಿರುವ ಅಪಾರ್ಟ್‌ಮೆಂಟ್ ಹಿಡಿಯುವುದೇ ಜಾಣತನ. ಭಾನುವಾರ ಸೂಪರ್ ಮಾರ್ಕೆಟ್ ಮುಚ್ಚಿರುವುದೇ ಹೆಚ್ಚು, ಶನಿವಾರವೇ ಸಾಮಾನು ತಂದಿಟ್ಟುಕೊಳ್ಳಿ.

ಮೊಟ್ಟೆ ತಿನ್ನುವವರಿಗೆ ನೆಸ್ತೋರ್ ಬಾರಿನ ತೋರ್ತಿಯಾ ಇದೆ. ಮೊಟ್ಟೆ, ಆಲೂಗಡ್ಡೆಯ ಈ ದಪ್ಪ ಆಮ್ಲೆಟ್ಟು ದಿನಕ್ಕೆ ಎರಡೇ ಸಲ ಆಗುತ್ತದೆ, ಮಧ್ಯಾಹ್ನ ಒಂದಕ್ಕೆ ಮತ್ತು ರಾತ್ರಿ ಎಂಟಕ್ಕೆ. ತುಂಡುಗಳು ಎಣಿಸಿದಷ್ಟೇ. ಒಂದು ಗಂಟೆ ಮೊದಲೇ ಖುದ್ದಾಗಿ ಹೋಗಿ ಹೆಸರು ಬರೆಸಬೇಕು, ಒಂದಕ್ಕೆ ಸರಿಯಾಗಿ ಹೋದವರಿಗೆ ಪರಿಮಳವಷ್ಟೇ ಸಿಗುತ್ತದೆ. ಒಳಭಾಗ ಹರಿಯುವಷ್ಟು ಮೆತ್ತಗಿರುತ್ತದೆ, ಅದು ಬೇಯದೆ ಉಳಿದದ್ದಲ್ಲ, ಮಾಡುವ ಕ್ರಮವೇ ಹಾಗೆ. ಜಗತ್ತೆಲ್ಲ ನಕಲು ಮಾಡುತ್ತಿರುವ ‘ಸುಟ್ಟ ಚೀಸ್‌ಕೇಕ್’ ಹುಟ್ಟಿದ್ದು 31 ದೆ ಅಗೊಸ್ತೊ ಬೀದಿಯ ಲಾ ವಿನ್ಯಾ ಬಾರಿನಲ್ಲಿ. ತಳದಲ್ಲಿ ಬಿಸ್ಕತ್ತಿನ ಪದರವಿಲ್ಲ, ಜೋರು ಉರಿಯ ಓವನ್ನಿನಲ್ಲಿ ಮೇಲ್ಮೈ ಕಂದಿ, ನಡುಭಾಗ ಕೆನೆಯಂತೆ ಉಳಿಯುತ್ತದೆ. ಊಟದ ಹೊತ್ತು ಬಿಟ್ಟು ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಹೋದರೆ ನೂಕುನುಗ್ಗಲಿಲ್ಲ.

ಆ ಬೀದಿಯ ಹೆಸರಿಗೆ ಕಾರಣವಿದೆ. 1813ರ ಆಗಸ್ಟ್ 31ರಂದು ಫ್ರೆಂಚರಿಂದ ಊರನ್ನು ಕಸಿದುಕೊಂಡ ಬ್ರಿಟಿಷ್-ಪೋರ್ಚುಗೀಸ್ ಪಡೆ ಅದನ್ನು ಲೂಟಿ ಮಾಡಿತು, ಊರಿಗೆ ಬೆಂಕಿ ಬಿತ್ತು. ಉಳಿದದ್ದು ಹೆಚ್ಚುಕಡಿಮೆ ಇದೊಂದೇ ಬೀದಿ. ಹತ್ತಿರದ ಕಾನ್ಸ್ತಿತೂಸಿಯೋನ್ ಚೌಕದ ಬಾಲ್ಕನಿಗಳ ಮೇಲೆ ಸಂಖ್ಯೆಗಳು ಕಾಣುತ್ತವೆ. ಅಲ್ಲಿ ಗೂಳಿಕಾಳಗ ನಡೆಯುತ್ತಿದ್ದ ಕಾಲದಲ್ಲಿ ಅವು ಸೀಟ್ ನಂಬರುಗಳು.

ಜನವರಿ ಮಧ್ಯದಿಂದ ಏಪ್ರಿಲ್ ತನಕ ಹೋಗುವವರು ಪಕ್ಕದ ಆಸ್ತಿಗರಾಗಾ ಅಥವಾ ಹೆರ್ನಾನಿ ಊರಿನ ಸೈಡರ್ (ಸೇಬಿನ ರಸ ಹುದುಗಿಸಿದ ಮದ್ಯ) ಮನೆಗೊಮ್ಮೆ ಹೋಗಬೇಕು. ಊರಿನಿಂದ ಬಸ್ಸಿದೆ, ಕಡೆಯ ಬಸ್ಸಿನ ಹೊತ್ತು ನೋಡಿಕೊಂಡಿರಿ. ಊಟ ನಿಗದಿತ: ಕಾಡ್ ಮೀನಿನ ಆಮ್ಲೆಟ್ಟು, ಮೆಣಸಿನೊಂದಿಗೆ ಕಾಡ್ ಮೀನು, ದನದ ಮಾಂಸದ ದಪ್ಪ ತುಂಡು, ಕೊನೆಗೆ ಚೀಸ್, ಅಕ್ರೋಟು, ಕ್ವಿನ್ಸ್ ಹಣ್ಣಿನ ಹಲ್ವ. ‘ಚೋಚ್!’ ಎಂದು ಕೂಗು ಬಿದ್ದಾಗ ಎಲ್ಲರೂ ಎದ್ದು ದೊಡ್ಡ ಪೀಪಾಯಿಯ ಮುಂದೆ ಸಾಲು ನಿಲ್ಲುತ್ತಾರೆ. ಸಣ್ಣ ತೂತಿನಿಂದ ನೂಲಿನಂತೆ ಚಿಮ್ಮುವ ಸೈಡರನ್ನು ಲೋಟ ಓರೆ ಹಿಡಿದು ಒಳಗೋಡೆಗೆ ಬಡಿಯುವಂತೆ ಹಿಡಿಯಬೇಕು, ಆಗಲೇ ನೊರೆ ಏಳುವುದು. ಎರಡು ಬೆರಳಿನಷ್ಟು ಬಂದೊಡನೆ ಸರಿದು ಹಿಂದಿನವರಿಗೆ ಧಾರೆ ಬಿಟ್ಟುಕೊಡಿ, ನೊರೆ ಇಳಿಯುವ ಮೊದಲೇ ಕುಡಿಯಿರಿ. ಲೋಟ ತುಂಬಿಸಿಕೊಂಡು ಮೇಜಿಗೆ ತಂದರೆ ಅದು ಚಪ್ಪೆ. ಸಸ್ಯಾಹಾರಿಗಳು ಬುಕ್ ಮಾಡುವಾಗಲೇ ತಿಳಿಸದಿದ್ದರೆ ಬ್ರೆಡ್ಡು, ಚೀಸಿನಲ್ಲೇ ಮುಗಿಯುತ್ತದೆ. ಜನವರಿ 20ಕ್ಕೆ ಬಂದರೆ ತಂಬೊರಾದಾ ಕೂಡ ಸಿಗುತ್ತದೆ. ಅಡುಗೆಯವರ, ಸೈನಿಕರ ವೇಷ ತೊಟ್ಟ ತಂಡಗಳು ನಡುರಾತ್ರಿಯಿಂದ 24 ಗಂಟೆ ಡೋಲು ಬಡಿಯುತ್ತವೆ. ಅಂದು ನಿದ್ದೆಯ ಆಸೆ ಬಿಡಿ.

ಇನ್ನು ಸಮುದ್ರದ ಹೊತ್ತು. ಫೋನಿನಲ್ಲಿ ‘ಉಬ್ಬರ-ಇಳಿತ’ದ ಪಟ್ಟಿ ಪ್ರತಿದಿನ ನೋಡಿ. ಲಾ ಕೋಂಚಾ ಕೊಲ್ಲಿಯ ಮರಳು ಪೂರ್ತಿ ಉಬ್ಬರದಲ್ಲಿ ಸಣ್ಣ ಪಟ್ಟಿಯಾಗುತ್ತದೆ, ಟವೆಲ್ ಹಾಸಿದವರೆಲ್ಲ ಗೋಡೆಗೆ ಒತ್ತಿಕೊಳ್ಳಬೇಕು. ಇಳಿತದಲ್ಲಾದರೆ ನಡುವಿನ ಬಂಡೆಯ ಮುಂದಿನಿಂದ ಓಂದರೆತಾ ತೀರದವರೆಗೆ ಮರಳಿನ ಮೇಲೇ ನಡೆಯಬಹುದು. ಆ ತುದಿಯಲ್ಲಿದೆ ‘ಪೈನೆ ದೆಲ್ ವಿಯೆಂತೊ’: ಎದ್ವಾರ್ದೊ ಚಿಯಿದಾ ಬಂಡೆಗಳಿಗೆ ನೆಟ್ಟ ಮೂರು ಉಕ್ಕಿನ ಶಿಲ್ಪ, 1970ರ ದಶಕದ ಕೆಲಸ. ಇದಕ್ಕೆ ಉಬ್ಬರವೇ ಬೇಕು. ಅಲೆ ಜೋರಾಗಿದ್ದಾಗ ಕಲ್ಲುಹಾಸಿನ ತೂತುಗಳಿಂದ ಗಾಳಿ ಊಳಿಡುತ್ತ ನೀರು ಚಿಮ್ಮುತ್ತದೆ. ತೂತಿನ ಮೇಲೆ ಬಗ್ಗಿ ಫೋಟೋ ತೆಗೆಯಬೇಡಿ, ಫೋನು ಒದ್ದೆಯಾಗುವುದು ಖಂಡಿತ. ಬಿರುಗಾಳಿಯಿದ್ದರೆ ದಾರಿ ಮುಚ್ಚುತ್ತಾರೆ. ಹತ್ತಿರದಿಂದಲೇ 1912ರ ಫ್ಯುನಿಕ್ಯುಲರ್, ಅಂದರೆ ಹಗ್ಗದಿಂದ ಎಳೆಯುವ ಪುಟ್ಟ ರೈಲು, ಇಗೆಲ್ದೊ ಬೆಟ್ಟಕ್ಕೆ ಏರುತ್ತದೆ. ಕೊಲ್ಲಿಯ ಪ್ರಸಿದ್ಧ ನೋಟ ಅಲ್ಲಿಯದೇ, ಮೇಲಿನ ಹಳೇ ಆಟದ ಪಾರ್ಕು ಮಕ್ಕಳಿಗೆ ಸಾಕು. ದುಡ್ಡು ಉಳಿಸುವವರಿಗೆ ಹಳೇ ಪೇಟೆಯ ಹಿಂದಿನ ಉರ್ಗುಲ್ ಬೆಟ್ಟ ಪುಕ್ಕಟೆ.

ಮಳೆಯ ದಿನಕ್ಕೆ ಸಾನ್ ತೆಲ್ಮೊ ವಸ್ತುಸಂಗ್ರಹಾಲಯ ಇಟ್ಟುಕೊಳ್ಳಿ. 16ನೇ ಶತಮಾನದ ದೊಮಿನಿಕನ್ ಮಠವಿದು, ಸೋಮವಾರ ರಜೆ, ಮಂಗಳವಾರ ಪ್ರವೇಶ ಉಚಿತ.

ಬಿಸಿಲಿದ್ದರೆ ಗ್ರೋಸ್‌ನಿಂದ ಉಲಿಯಾ ಬೆಟ್ಟದ ಅಂಚಿನಲ್ಲಿ ಪಸಾಯಿಯಾ ಬಂದರಿಗೆ ನಡೆಯಿರಿ, ಮೂರು ಗಂಟೆ ಹಿಡಿಯುತ್ತದೆ. ದಾರಿಯಲ್ಲಿ ಅಂಗಡಿಯಿಲ್ಲ, ನೀರು ಜೊತೆಗಿರಲಿ. ಮಳೆಯ ಮರುದಿನ ಕೆಸರು ಜಾರುತ್ತದೆ, ಚಪ್ಪಲಿಯಲ್ಲಿ ಹೋಗಬೇಡಿ. ಕೆಳಗಿಳಿದಾಗ ಸಿಗುವ ಅಲ್ಬಾವೋಲಾ ಕಾರ್ಯಾಗಾರದಲ್ಲಿ, 1565ರಲ್ಲಿ ಕೆನಡಾ ತೀರದಲ್ಲಿ ಮುಳುಗಿದ ತಿಮಿಂಗಿಲ ಬೇಟೆಯ ಹಡಗನ್ನು ಹಳೆಯ ಕ್ರಮದಲ್ಲೇ ಮರದಿಂದ ಮತ್ತೆ ಕಟ್ಟಿದ್ದಾರೆ. ಅಲ್ಲಿಂದ ಪುಟ್ಟ ದೋಣಿಯಲ್ಲಿ ಆಚೆ ದಡದ ದೊನಿಬಾನೆಗೆ ದಾಟಿ, ಊರಿಗೆ ಬಸ್ಸಿನಲ್ಲಿ ಹಿಂದಿರುಗಬಹುದು.

ತರುವುದಕ್ಕೆ ಇಬಾರಾ ಊರಿನ ಹಸಿಮೆಣಸಿನ ಉಪ್ಪಿನಕಾಯಿ ಒಳ್ಳೆಯದು, ಖಾರ ಕಡಿಮೆ, ಹುಳಿ ಜಾಸ್ತಿ. ವಿನಿಗರ್ ತುಂಬಿದ ಬಾಟಲಿಯಾದ್ದರಿಂದ ಕೈಚೀಲದಲ್ಲಿಟ್ಟರೆ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಹೋಗುತ್ತದೆ. ಬಟ್ಟೆ ಸುತ್ತಿ ದೊಡ್ಡ ಪೆಟ್ಟಿಗೆಗೇ ಹಾಕಿ.